ಎಡಗಡೆಯ ಬ್ರೇಕು

ಗುರುಲಿಂಗಮ್ಮನವರು ಬಂದವರೇ ಕಾರಿನ ಹಿಂದಿನ ಸೀಟಿನಲ್ಲಿ ಕೂತುಬಿಟ್ಟರು. ಬಾಗಿಲು ತೆರೆದುಕೊಟ್ಟವಳು ದುರ್ಗಾದೇವಿಯೇ. ಅವರು ಸೆರಗು ಸರಿಮಾಡಿಕೊಂಡು, ಕೈಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಕಾರು ಹೊರಡುವುದನ್ನು ಕಾದರು. ಇವಳು ಬಾಗಿಲು ಮುಚ್ಚಿ, ಒಂದು ಹೆಜ್ಜೆ ಪಕ್ಕಕ್ಕೆ ಸರಿದು ಕೈಕಟ್ಟಿ ನಿಂತಳು. ಮಸ್ಕಿಯ ಬಯಲಿನಲ್ಲಿ ಬೆಳಗಿನ ಏಳು ಗಂಟೆಗೆ ಇಬ್ಬರೂ ಹೀಗೆ ಅರ್ಧ ನಿಮಿಷ ಯಾರಿಗೋ ಕಾದ ಮೇಲೆ ಇಬ್ಬರಿಗೂ ಒಟ್ಟಿಗೇ ಹೊಳೆಯಿತು, ಬರಬೇಕಾದವರು ಇನ್ನು ಯಾರೂ ಇಲ್ಲವೆಂದು. ಕಾರು ಓಡಿಸಲು ಕಲಿಯಬೇಕಾದವರು ಗುರುಲಿಂಗಮ್ಮ, ಕಲಿಸಬೇಕಾದವಳು ದುರ್ಗಾದೇವಿ.

"ಅಮ್ಮಾರ, ನೀವು ಮುಂದ ಕುಂದರಬೇಕ್ರೀ."

"ಹೌದಲ್ಲ. ರೂಢಿ ನೋಡು ದುರ್ಗಿ."

ಇಬ್ಬರೂ ನಕ್ಕರು. ನಗುವಂಥದ್ದೇ ಆಗಿತ್ತು. ಆದರೆ ಮಧ್ಯಾಹ್ನ ಗಂಡ ವಿರೇಶನಿಗೆ ಇದನ್ನು ಹೇಳುವಾಗ ದುರ್ಗಾದೇವಿ, ಬಾಗಿಲು ತೆರೆದದ್ದು ಯಾರೆಂಬುದನ್ನು ಹೇಳಲಿಲ್ಲ.

ಮಸ್ಕಿಯಲ್ಲಿ ದುರ್ಗಾದೇವಿಯ ಬಾಯಿಗೆ ಹೆದರದವರು ಕಡಿಮೆ. ಪಾಮನಕಲ್ಲೂರಿನ ಪಂಚಾಯ್ತಿಯವರು ಕಸದ ಗಾಡಿ ಓಡಿಸಲು ಹೆಣ್ಣುಮಕ್ಕಳು ಬೇಕೆಂದಾಗ ಮೊದಲು ಕೈ ಎತ್ತಿದವಳು ಅವಳು. ಮೂರು ವರ್ಷ ಆ ಗಾಡಿಯನ್ನು ಊರಿನ ಸಂದಿಗೊಂದಿಗಳಲ್ಲಿ ತಿರುಗಿಸಿ ತಿರುಗಿಸಿ ಕೈ ಪಳಗಿದ ಮೇಲೆ ಗಂಡನೊಂದಿಗೆ ಮಸ್ಕಿಗೆ ಬಂದು, ಹಳೆಯದೊಂದು ಕಾರು ಕೊಂಡು, ಅದರ ನೆತ್ತಿಯ ಮೇಲೆ ಡ್ರೈವಿಂಗ್ ಸ್ಕೂಲಿನ ಹಳದಿ ಹಲಗೆ ಕೂರಿಸಿದಳು. ಕಾಗದಪತ್ರದ ಓಡಾಟ ವಿರೇಶನದು, ಕಲಿಸುವುದು ಇವಳದು. ಕಿರಾಣಿ ಅಂಗಡಿಯವರು, ಶಾಲೆಯ ಮಾಸ್ತರರು, ಇಬ್ಬರು ಪೊಲೀಸರು ಕೂಡ ಎಡಗಡೆಯ ಸೀಟಿನಲ್ಲಿ ಕೂತ ಅವಳಿಂದ ಬೈಸಿಕೊಂಡೇ ಕಲಿತವರು. "ಕ್ಲಚ್ ಬಿಡಾಕ ಮುಹೂರ್ತ ನೋಡಾಕತ್ತೀರೇನ್ರೀ ಸರ್?" ಎಂದು ಹೆಡ್‌ಮಾಸ್ತರರನ್ನೇ ಕೇಳಿದವಳು ಅವಳು. ಅವರೆಲ್ಲರಿಗೂ ಅವಳು ಮೇಡಂ. ಗುರುಲಿಂಗಮ್ಮನವರಿಗೆ ಮಾತ್ರ ದುರ್ಗಿ, ಅವ್ವನ ಹಿಂದೆ ತಮ್ಮ ಮನೆಯ ಹತ್ತಿಹೊಲಕ್ಕೆ ಬರುತ್ತಿದ್ದ ಹುಡುಗಿ.

ಅವ್ವ ಆದಮ್ಮ ಮೂವತ್ತು ವರ್ಷ ಪಾಮನಕಲ್ಲೂರಿನಲ್ಲಿದ್ದ ಆ ಮನೆಯ ಹೊಲಗಳಲ್ಲಿ ದುಡಿದವಳು. ಹೊತ್ತು ಮುಳುಗುವಾಗ ಇನ್ನೊಂದು ಸಾಲು ಬಿಡಿಸಿ ಹೋಗು ಎಂದರೆ "ಆಗ್ಲಿರೀ ಅಮ್ಮಾರ" ಅನ್ನುವಳು. ನಾಳೆ ಕೆಲಸವಿಲ್ಲ, ಬರಬೇಡ ಎಂದರೂ ಅದೇ ಮಾತು. ಗುರುಲಿಂಗಮ್ಮ ಕೆಟ್ಟವರೇನಲ್ಲ. ಹಬ್ಬಕ್ಕೆ ಹೋಳಿಗೆ ಕಟ್ಟಿಕೊಟ್ಟಿದ್ದಾರೆ, ಜ್ವರ ಬಂದಾಗ ಗುಳಿಗೆ ತರಿಸಿಕೊಟ್ಟಿದ್ದಾರೆ. ಒಂದು ದಿನವೂ ಬೈದವರಲ್ಲ, ಬೈಯುವ ಪ್ರಸಂಗವನ್ನು ಆದಮ್ಮ ತಂದುಕೊಂಡೂ ಇರಲಿಲ್ಲ. ಅವ್ವನ ಆ "ಆಗ್ಲಿರೀ" ತನ್ನ ಬಾಯಿಂದ ಎಂದೂ ಬರಬಾರದೆಂದು ದುರ್ಗಾದೇವಿ ಹತ್ತನೇ ವಯಸ್ಸಿನಲ್ಲೇ ಹಠ ತೊಟ್ಟಿದ್ದಳು. ಹಠದ ಸುದ್ದಿ ಅವಳ ಕೈಕಾಲುಗಳಿಗೆ ಇನ್ನೂ ಮುಟ್ಟಿರಲಿಲ್ಲವೆಂದು ಕಾಣುತ್ತದೆ.

ಐವತ್ತೆಂಟನೇ ವಯಸ್ಸಿನಲ್ಲಿ ಗುರುಲಿಂಗಮ್ಮ ಸ್ಟೇರಿಂಗು ಹಿಡಿಯಲು ಹೊರಟದ್ದು ಶೋಕಿಗಲ್ಲ. ಗಂಡ ಸಂಗನಬಸವ ಸಾಹುಕಾರರ ಕಿಡ್ನಿ ಕೆಟ್ಟು, ವಾರಕ್ಕೆ ಎರಡು ಸಲ ಲಿಂಗಸುಗೂರಿಗೆ ಡಯಾಲಿಸಿಸ್‌ಗೆ ಹೋಗಬೇಕಿತ್ತು. ಇದ್ದ ಡ್ರೈವರ್ ಸ್ವಂತ ಟೆಂಪೊ ಮಾಡಿಕೊಂಡು ಹೋದ. ಆಮೇಲೆ ಬಂದವರು ಒಂದು ದಿನ ಬಂದರೆ ಇನ್ನೊಂದು ದಿನ ಇಲ್ಲ. ಮಗಳನ್ನು ಸಿಂಧನೂರಿನಿಂದ ಕರೆಸಿಕೊಂಡು ಎರಡು ತಿಂಗಳು ದೂಡಿದ ಮೇಲೆ, ಒಂದು ದಿನ ಅವರೇ ನಡೆದುಕೊಂಡು ಬಂದು ವಿರೇಶನ ಟೇಬಲ್ಲಿನ ಮುಂದೆ ಕೂತು "ನನಗ ಕಲಿಸ್ರಿ" ಎಂದಿದ್ದರು. ಆ ಧೈರ್ಯವನ್ನು ದುರ್ಗಾದೇವಿ ಮನಸಾರೆ ಮೆಚ್ಚಿದ್ದಳು.

ಸ್ಟೇರಿಂಗು ಅವರಿಗೆ ಬೇಗ ಬಂತು. ಗೇರೂ ಬಂತು. ಬಾರದ್ದು ಒಂದೇ, ನಿಲ್ಲಿಸುವುದು. ರಸ್ತೆಯ ನಟ್ಟನಡುವೆ ಹೊರಟರೆಂದರೆ ಎದುರಿಗೆ ಎಮ್ಮೆ ಬರಲಿ, ಸೈಕಲ್ ಬರಲಿ, ಕೊಡ ಹೊತ್ತವರು ಬರಲಿ, ಅವರ ಬಲಗಾಲು ಬ್ರೇಕಿನ ಕಡೆ ಹೋಗುತ್ತಲೇ ಇರಲಿಲ್ಲ. ಹೆದರಿ ಬ್ರೇಕ್ ಮರೆಯುವವರನ್ನು ದುರ್ಗಾದೇವಿ ಬೇಕಾದಷ್ಟು ಕಂಡಿದ್ದಳು. ಇವರಿಗೆ ಹೆದರಿಕೆಯೇ ಇರಲಿಲ್ಲ. ಹುಟ್ಟಿದಾಗಿನಿಂದ ಅವರು ನಡೆದ ಕಡೆಯಲ್ಲೆಲ್ಲ ಜನ ಬದಿಗೆ ಸರಿದಿದ್ದರು. ಅವರ ಅವ್ವನಿಗೂ ಸರಿದಿದ್ದರು, ಅಜ್ಜಿಗೂ ಸರಿದಿದ್ದರು. ಎದುರಿಗಿರುವುದು ಸರಿದೇ ಸರಿಯುತ್ತದೆ ಎಂದು ಅವರ ಕಾಲು ಆರಾಮವಾಗಿ ಕೂತಿತ್ತು.

ಕಲಿಸುವ ಕಾರಿನಲ್ಲಿ ಎಡಗಡೆ ಕೂತವರ ಕಾಲಬುಡದಲ್ಲೂ ಒಂದು ಕ್ಲಚ್ಚು, ಒಂದು ಬ್ರೇಕು ಇರುತ್ತವೆ. ಮೊದಲ ಸಲ ಎಮ್ಮೆಯೊಂದು ಅಡ್ಡ ಬಂದಾಗ ದುರ್ಗಾದೇವಿ ಕೂಗಲೆಂದು ಬಾಯಿ ತೆರೆದಳು. ಮಾತು ಹೊರಡಲಿಲ್ಲ. ಅಮ್ಮಾರಿಗೆ ಹೇಗೆ ಗದರಿಸುವುದು ಎಂದು ಹಿಂಜರಿಯುವಷ್ಟರಲ್ಲಿ ಕಾಲು ತಾನಾಗಿ ಮೆತ್ತಗೆ ಬ್ರೇಕನ್ನು ಒತ್ತಿತು. ಕಾರು ನಿಂತಿತು, ಎಮ್ಮೆ ಹೋಯಿತು.

"ನೋಡಿದೇನು ದುರ್ಗಿ, ಎಷ್ಟು ಛಂದ ನಿಂತ್ತು. ಕಾಲು ಜರಾ ಸಡ್ಲ ಬಿಟ್ರ ತಾನ ನಿಂದರತೈತಿ."

"ಹೌದ್ರೀ ಅಮ್ಮಾರ."

ನಾಳೆ ಹೇಳಿದರಾಯಿತು ಎಂದುಕೊಂಡಳು. ಮರುದಿನ ಕುರಿ ಬಂದವು, ಅದರ ಮರುದಿನ ಹತ್ತಿ ತುಂಬಿದ ಟ್ರ್ಯಾಕ್ಟರ್ ಬಂತು. ಕಾಲು ಒತ್ತುತ್ತಲೇ ಹೋಯಿತು, ಬಾಯಿ ಮುಚ್ಚಿಕೊಂಡೇ ಇತ್ತು. ಹೀಗೆ ಇಪ್ಪತ್ತನಾಲ್ಕು ದಿನ ಕಳೆದವು. ಗುರುಲಿಂಗಮ್ಮ ಓಣಿಯವರ ಮುಂದೆಲ್ಲ ತಾವು ಕಾರು ಕಲಿತದ್ದನ್ನು ಹೇಳಿಕೊಂಡು ಬಂದರು. ಕೇಳಿದವರು ದುರ್ಗಾದೇವಿಯನ್ನು ಹೊಗಳಿದರು. ಅವಳಿಗೆ ಒಳಗೊಳಗೇ ನಾಚಿಕೆಯಾಗುತ್ತಿತ್ತು.

ಇಪ್ಪತ್ತೈದನೆಯ ದಿನ ಬೆಳಿಗ್ಗೆ ಗುರುಲಿಂಗಮ್ಮ ನೇರವಾಗಿ ಆಫೀಸಿನೊಳಗೆ ಬಂದು, ವಿರೇಶ ತುಂಬಿಟ್ಟಿದ್ದ ಫಾರ್ಮನ್ನು ಮೇಜಿನ ಮೇಲೆ ಅವಳ ಕಡೆ ಸರಿಸಿದರು. ಇವರು ಪೂರ್ತಿ ಕಲಿತಿದ್ದಾರೆ ಎಂದು ಕಲಿಸಿದವರು ಸಹಿ ಹಾಕಬೇಕಾದ ಫಾರ್ಮು ಅದು.

"ಸೋಮವಾರ ಟೆಸ್ಟ್ ಐತಿ. ಬುಧವಾರದಿಂದ ಸಾಹುಕಾರ್ರನ್ನ ನಾನ ಲಿಂಗಸುಗೂರಿಗೆ ಕರ್ಕೊಂಡು ಹೋಗಾಕಿ. ಹಾಕು ಸಹಿ," ಎಂದರು.

ವಿರೇಶ ಪೆನ್ನಿನ ಮುಚ್ಚಳ ತೆಗೆದು ಹೆಂಡತಿಯ ಕೈಗಿಟ್ಟ. "ಹಾಕಿಬಿಡು. ಅಮ್ಮಾರು ಮಸ್ತ್ ಹೊಡಿತಾರಂತ," ಎಂದ.

"ಆಗ್ಲಿರೀ" ಎಂಬುದು ನಾಲಿಗೆಯ ತುದಿಗೆ ಬಂದು ಕೂತೇಬಿಟ್ಟಿತ್ತು. ಆದರೆ ಅದೇ ಗಳಿಗೆಯಲ್ಲಿ ಅವಳ ಕಣ್ಣಿಗೆ ಬುಧವಾರದ ಹೆದ್ದಾರಿ ಕಟ್ಟಿತು. ಸೂಜಿ ಚುಚ್ಚಿಸಿಕೊಂಡ ತೋಳನ್ನು ಶಾಲಿನಲ್ಲಿ ಸುತ್ತಿಕೊಂಡು ಸಾಹುಕಾರರು ಎಡಗಡೆ ಕೂತಿದ್ದಾರೆ, ಎದುರಿನಿಂದ ಲಾರಿ ಬರುತ್ತಿದೆ, ಗುರುಲಿಂಗಮ್ಮ ಅದು ಸರಿಯಲೆಂದು ಕಾಯುತ್ತಿದ್ದಾರೆ. ಆ ಮನೆಯ ಕಾರಿನಲ್ಲಿ ಎಡಗಡೆ ಬ್ರೇಕಿಲ್ಲ.

"ಇಲ್ರೀ ಅಮ್ಮಾರ. ಹಾಕಂಗಿಲ್ಲ," ಎಂದಳು.

ಮಾತು ಬಂದದ್ದು ತನ್ನ ಬಾಯಿಂದಲೇ ಎಂದು ಅವಳಿಗೇ ಗೊತ್ತಾಗಲು ಒಂದು ಕ್ಷಣ ಬೇಕಾಯಿತು.

"ಯಾಕ?"

"ನಿಮಗ ಇನ್ನಾ ಬಂದಿಲ್ರೀ."

"ಇಪ್ಪತ್ನಾಕು ದಿನ ಹೊಡದೀನಿ. ಒಂದು ಕೋಳಿಮರಿನೂ ಸತ್ತಿಲ್ಲ."

"ಯಾಕ ಸತ್ತಿಲ್ಲಂದ್ರ, ಬ್ರೇಕ್ ಹಾಕಿದಾಕಿ ನಾನ್ರೀ. ಎಮ್ಮಿಗೂ ನಾನ, ಟ್ರ್ಯಾಕ್ಟರ್‌ಗೂ ನಾನ. ಕೆಳಗ ನನ್ನ ಕಾಲಾಗೂ ಒಂದು ಬ್ರೇಕ್ ಐತಿ. ಗಾಡಿ ತಾನ ನಿಂದರಂಗಿಲ್ರೀ."

ವಿರೇಶ ಚಹಾ ತರುವ ನೆಪ ಮಾಡಿ ಹೊರಗೆ ಜಾರಿಕೊಂಡ. ಗುರುಲಿಂಗಮ್ಮನ ಹಣೆಯ ವಿಭೂತಿಯ ಕೆಳಗೆ ಮುಖ ಕೆಂಪಗಾಯಿತು. ಅವರು ಫಾರ್ಮನ್ನು ತಮ್ಮ ಕಡೆ ಎಳೆದುಕೊಂಡರು.

"ಹೆಡ್‌ಮಾಸ್ತರ್ರನ್ನೂ ಬಿಡಂಗಿಲ್ಲಂತ ನೀ. ಊರಿಗೆಲ್ಲಾ ಬೈತಿ. ನನಗ್ಯಾಕ ಬೈಲಿಲ್ಲ?"

"ಬಾಯಿ ಬರಲಿಲ್ರೀ. ನಮ್ಮವ್ವ ನಿಮ್ಮ ಮುಂದ ಒಂದಿನಾನೂ ಇಲ್ಲ ಅಂದಾಕಿ ಅಲ್ಲ. ನನಗೂ ಹಂಗ ಆತು. ಅದು ನನ್ನ ತಪ್ಪು, ಒಪ್ಪೀನಿ." ಇಷ್ಟು ಹೇಳಿದ ಮೇಲೆ ಉಳಿದದ್ದು ತಾನಾಗಿಯೇ ಬಂತು. "ನಿಮ್ಮ ತಪ್ಪೂ ಐತ್ರೀ ಅಮ್ಮಾರ. ರಸ್ತ್ಯಾಗ ನೀವು ಯಾರನ್ನೂ ನೋಡಂಗಿಲ್ಲ. ಎಲ್ಲಾರೂ ಸರಿತಾರ ಅಂತ ಹೊಂಟಬಿಡ್ತೀರಿ. ಊರಾಗ ಸರಿತಾರ. ಹೈವೇದಾಗ ಲಾರಿಯಂವಗ ನೀವು ಯಾರಂತ ಗೊತ್ತಿರಂಗಿಲ್ಲ. ಎಮ್ಮಿಗೂ ಗೊತ್ತಿಲ್ಲ."

ಗುರುಲಿಂಗಮ್ಮ ಎದ್ದರು. ಫಾರ್ಮನ್ನು ಎರಡಾಗಿ ಮಡಚಿ ಕೈಚೀಲಕ್ಕೆ ಹಾಕಿಕೊಂಡು ಹೋದರು. ಚಪ್ಪಲಿ ಮೆಟ್ಟುವಾಗಲೂ ಹಿಂತಿರುಗಿ ನೋಡಲಿಲ್ಲ.

"ಮುಗೀತು. ಇನ್ನ ಆ ಓಣಿಯಿಂದ ಒಬ್ಬರೂ ಬರಂಗಿಲ್ಲ," ಎಂದ ವಿರೇಶ, ತಣ್ಣಗಾದ ಚಹಾದ ಲೋಟ ಹಿಡಿದುಕೊಂಡು.

"ಬರ್ಲಿಲ್ಲಂದ್ರ ಬಿಡ್ಲಿ," ಎಂದಳು ದುರ್ಗಾದೇವಿ. ಎದೆ ಹಗುರವಾಗಿತ್ತು. ಲೋಟ ಕಸಿದುಕೊಂಡು ಆ ತಣ್ಣನೆಯ ಚಹಾವನ್ನು ಪೂರ್ತಿ ಕುಡಿದಳು.

ಸಂಜೆ ನಾಲ್ಕಕ್ಕೆ ಗುರುಲಿಂಗಮ್ಮ ಮತ್ತೆ ಬಂದರು. ಆಫೀಸಿನೊಳಗೆ ಕಾಲಿಡಲಿಲ್ಲ. ಕಾರಿನ ಬಲಬಾಗಿಲನ್ನು ತಾವೇ ತೆರೆದು ಕೂತು ಹಾರ್ನ್ ಹೊಡೆದರು. ದುರ್ಗಾದೇವಿ ಓಡಿಬಂದಳು.

"ನಡಿ. ಪಾಮನಕಲ್ಲೂರ ರಸ್ತೆಗೆ. ಹೆಂಗ ಬೈತಿ ಬೈ."

ಊರು ದಾಟಿ ಹೊಲಗಳ ನಡುವಿನ ಬರಿ ರಸ್ತೆ ಬಂದ ಮೇಲೆ ದುರ್ಗಾದೇವಿ, ಎರಡನೇ ಗೇರಿನಲ್ಲೇ ಇರಲಿ ಎಂದಳು. ಆಮೇಲೆ ಚಪ್ಪಲಿಯನ್ನು ಕೆಳಗೇ ಬಿಟ್ಟು ಎರಡೂ ಕಾಲನ್ನು ಮೇಲೆತ್ತಿ, ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತುಬಿಟ್ಟಳು. ಹ್ಯಾಂಡ್‌ಬ್ರೇಕಿನ ಹತ್ತಿರ ಒಂದು ಕೈ ಇತ್ತು, ಅಷ್ಟು ಬುದ್ಧಿ ಅವಳಿಗಿತ್ತು. ಗುರುಲಿಂಗಮ್ಮನ ಕಣ್ಣು ಆ ಕಾಲುಗಳ ಮೇಲೆ ಬಿತ್ತು. ಆ ಮನೆಯವರ ಎದುರಿಗೆ ಆದಮ್ಮ ಕಟ್ಟೆಯ ಮೇಲೆ ಕೂಡ ಕೂತವಳಲ್ಲ.

"ಕಾಲು ಮ್ಯಾಲ ತಗೊಂಡಿ?"

"ತಗೊಂಡೀನ್ರೀ. ಇನ್ನ ಕೆಳಗ ಇಳಸಂಗಿಲ್ಲ. ನಿಂದ್ರಸಾಕಿ ನೀವ. ಮುಂದ ನೋಡ್ರಿ, ನನ್ನ ಕಾಲೇನು ನೋಡ್ತೀರಿ."

ಅರ್ಧ ಮೈಲಿ ಹೋಗುವಷ್ಟರಲ್ಲಿ ಕುರಿ ಹಿಂಡು ರಸ್ತೆಗೆ ಇಳಿಯಿತು. ಗುರುಲಿಂಗಮ್ಮ ಎಂದಿನಂತೆ ನಿಶ್ಚಿಂತೆಯಿಂದ ನಡೆಸಿದರು.

"ಬ್ರೇಕ್ ಒತ್ರಿ. ಒತ್ರಿ ಅಂದೆ. ಕಾಲು ಏನು ಮನ್ಯಾಗ ಬಿಟ್ಟು ಬಂದೀರೇನು?"

ಗುರುಲಿಂಗಮ್ಮ ಕಣ್ಣುಮುಚ್ಚಿ ಒತ್ತಿದರು. ಕಾರು ಮುಗ್ಗರಿಸಿ ಆಫ್ ಆಯಿತು. ಇಬ್ಬರೂ ಮುಂದಕ್ಕೆ ಬಾಗಿ ಹಿಂದಕ್ಕೆ ಬಂದರು. ಬಂಪರಿನಿಂದ ಗೇಣುದ್ದದಲ್ಲಿ ಒಂದು ಟಗರು ನಿಂತು ಇವರನ್ನು ನೋಡುತ್ತಿತ್ತು. ಕುರಿ ಕಾಯುವವನು ಕೋಲೆತ್ತಿ, ಗಾಡಿ ಕೊಟ್ಟವರನ್ನೂ ಲೈಸೆನ್ಸ್ ಕೊಟ್ಟವರನ್ನೂ ಸೇರಿಸಿ ಚೆನ್ನಾಗಿ ಬೈದ. ಹಿಂಡು ದಾಟುವವರೆಗೂ ಬೈದ.

"ನನಗ ಬೈದ್ನಾ ಅಂವ?" ಎಂದು ಗುರುಲಿಂಗಮ್ಮ ಕೇಳಿದರು. ಸಿಟ್ಟಿಗಿಂತ ಅಚ್ಚರಿಯೇ ಹೆಚ್ಚಿತ್ತು ಆ ದನಿಯಲ್ಲಿ.

"ನಿಮಗ ರೀ."

"ಇಷ್ಟು ವಯಸ್ಸಿಗೆ ಇದೂ ಆತು," ಎಂದವರೇ ನಗತೊಡಗಿದರು. ನಕ್ಕು ನಕ್ಕು ಕಣ್ಣೊರೆಸಿಕೊಂಡು ಕೀಲಿ ತಿರುವಿದರು. "ಹೇಳು, ಈಗೇನು ತಪ್ಪಾತು?"

"ತಡ ಆತ್ರೀ. ಕುರಿ ಕಂಡ ಕೂಡಲೇ ಕಾಲು ಬ್ರೇಕಿನ ಮ್ಯಾಲ ಇರಬೇಕು. ಅವು ಸರಿತಾವೋ ಬಿಡ್ತಾವೋ, ಅದು ನಿಮಗ ಬ್ಯಾಡ."

ಮುಂದೆ ಒಂದು ಸೈಕಲ್ ಬಂತು. ಗುರುಲಿಂಗಮ್ಮ ತಡಮಾಡಿದರು, ಬೈಸಿಕೊಂಡರು. ಒಂದು ನಾಯಿ ಬಂತು. ಈ ಸಲ ಸ್ವಲ್ಪ ಮೊದಲೇ ಒತ್ತಿದರು, ಕ್ಲಚ್ಚು ಮರೆತರು, ಮತ್ತೆ ಬೈಸಿಕೊಂಡರು. ದುರ್ಗಾದೇವಿಯ ಬಾಯಿ ಈಗ ಪೂರ್ತಿ ಬಿಚ್ಚಿಕೊಂಡಿತ್ತು. ಮಡಚಿದ ಕಾಲು ಜೋಮು ಹಿಡಿದಿದ್ದರೂ ಅವಳು ಇಳಿಸಲಿಲ್ಲ.

ಪಾಮನಕಲ್ಲೂರು ಇನ್ನೂ ಒಂದು ಮೈಲಿಯಿರುವಾಗ, ಬಲಗಡೆಯ ಹೊಲದಿಂದ ಒಬ್ಬ ಮುದುಕಿ ತಲೆಯ ಮೇಲೆ ಹತ್ತಿಕಟ್ಟಿಗೆಯ ಹೊರೆ ಹೊತ್ತು ರಸ್ತೆಯ ಅಂಚಿಗೆ ಬಂದಳು. ಆಚೆ ಬದಿಯ ಕಾಲುದಾರಿಗೆ ಹೋಗಬೇಕಾದವಳು. ದುರ್ಗಾದೇವಿ ಬಾಯಿ ತೆರೆಯುವ ಮೊದಲೇ ಕಾರು ನಿಧಾನವಾಯಿತು. ಗುರುಲಿಂಗಮ್ಮನ ಕ್ಲಚ್ಚು ಒಳಗೆ ಹೋಯಿತು, ಬ್ರೇಕು ಮೆತ್ತಗೆ ಇಳಿಯಿತು. ನಾಲ್ಕು ಮಾರು ದೂರದಲ್ಲೇ ಕಾರು ಅಲುಗದೆ ನಿಂತಿತು.

ದುರ್ಗಾದೇವಿ ಹ್ಯಾಂಡ್‌ಬ್ರೇಕಿನ ಹತ್ತಿರವಿದ್ದ ಕೈಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡಳು.

ಮುದುಕಿ ಮಾತ್ರ ದಾಟಲಿಲ್ಲ. ಕಾರನ್ನು ಕಂಡು ಎರಡು ಹೆಜ್ಜೆ ಹಿಂದಕ್ಕೆ, ಜಾಲಿಯ ಮುಳ್ಳಿಗೆ ತಾಗುವಷ್ಟು ಸರಿದು, ಹೊರೆಯ ಭಾರಕ್ಕೆ ಕುತ್ತಿಗೆ ಬಿಗಿಹಿಡಿದು ನಿಂತಳು. ಕಾರು ಹೋಗಲೆಂದು ಅವಳು ಕಾದಳು. ಗುರುಲಿಂಗಮ್ಮ ಕಿಟಕಿಯಿಂದ ಕೈ ಹೊರಹಾಕಿ, ಹೋಗು ಹೋಗು ಎಂದು ಬೀಸಿದರು. ಅವಳು ಇನ್ನೂ ಹಿಂದಕ್ಕೆ ಸರಿದಳು.

"ಹಾರ್ನ್ ಹೊಡೀಲೇನು?"

"ಬ್ಯಾಡ್ರೀ. ಅಂಜ್ತಾಳ."

"ಮತ್ತ ಏನು ಮಾಡ್ಲಿ?"

"ಕಾಯ್ರಿ."

ಗುರುಲಿಂಗಮ್ಮ ಸ್ಟೇರಿಂಗಿನ ಮೇಲೆ ಎರಡೂ ಕೈಯಿಟ್ಟು ಸ್ವಲ್ಪ ಹೊತ್ತು ಕೂತರು. ಆಮೇಲೆ ಕೈ ಇಳಿಸಿ ಕೀಲಿ ತಿರುವಿ ಇಂಜಿನ್ ಆರಿಸಿಬಿಟ್ಟರು. ಸದ್ದು ನಿಂತೊಡನೆ ಹೊಲದ ಕಡೆಯ ಗಾಳಿ ಕೇಳಿಸಿತು. ಮುದುಕಿ ಕಾರನ್ನು ನೋಡಿದಳು, ಒಳಗಿದ್ದ ಇಬ್ಬರನ್ನೂ ನೋಡಿದಳು. ಒಂದು ಕಾಲನ್ನು ಡಾಂಬರಿನ ಮೇಲಿಟ್ಟಳು. ಇನ್ನೊಂದನ್ನೂ ಇಟ್ಟಳು. ರಸ್ತೆಯ ನಟ್ಟನಡುವೆ ಬಂದು ನಿಂತು, ಒಂದು ಕೈಯಿಂದ ಹೊರೆಯನ್ನು ತುಸು ಎತ್ತಿ, ಇನ್ನೊಂದರಿಂದ ತಲೆಯ ಮೇಲಿನ ಬಟ್ಟೆಯ ಸಿಂಬಿಯನ್ನು ನಿಧಾನವಾಗಿ ಸರಿಮಾಡಿಕೊಂಡು, ಆಮೇಲೆ ಮುಂದಕ್ಕೆ ನಡೆದಳು.