ಕೊಕ್ಕರೆ ಕಂಪನಿಯ ಟಕ್

ಮತ್ತೆ ಅದೇ ಜಾಗದಲ್ಲಿ, ಸ್ಪೀಕರ್ ಪೆಟ್ಟಿಗೆಯ ಬಲಪಕ್ಕದ ಹಲಗೆಯ ಮೇಲೆ, ಐದು ಬೆರಳು, ಒಂದು ಅಂಗೈ, ಇವತ್ತು ಹಾಲಿನ ಅಂಟು, ನಿನ್ನೆ ಬಳಪದ ಪುಡಿ, ಒದ್ದೆ ಬಟ್ಟೆ ಒಂದು ಸಲ ಎಳೆದರೆ ಹೋಗುತ್ತದೆ, ಹೋಯಿತು, ಎಷ್ಟು ಸಲ ಹೇಳಿದ್ದೇನೆ ಟಕ್ಕಮ್ಮ ಮಾವನ ಪೆಟ್ಟಿಗೆಗೆ ಕೈ ಹಚ್ಚಬೇಡ ಕಣೇ ಅಂತ, ಕೇಳಿದರೆ ತಾನೆ — ಅಯ್ಯೋ, ಈ ಮಾತು ಬೇಡ, ಇವತ್ತೊಂದು ದಿನ ಈ ಮಾತು ಬಾಯಿಗೆ ಬರಬಾರದು, ಕೇಳಿದರೆ ತಾನೆ, ಕಿವಿ ಎಲ್ಲಿಟ್ಟಿದ್ದೀ, ಕಿವಿ ಮೇಲೇ ಹಾಕ್ಕೊಳ್ಳಲ್ಲ ನೋಡು ಇವಳು, ದಿನಕ್ಕೆ ಎಷ್ಟು ಸಲ ಅನ್ನುತ್ತೇನೆ, ಎಲ್ಲ ಅಮ್ಮಂದಿರೂ ಅನ್ನುತ್ತಾರೆ, ಅಂದ ಮಾತ್ರಕ್ಕೆ ಆಗಿಬಿಡುತ್ತದೆಯೇ, ನಾಲಿಗೆಯಲ್ಲಿ ಮಚ್ಚೆ ಇದ್ದವರು ಅಂದದ್ದು ಆಗುತ್ತದಂತೆ, ನನ್ನ ನಾಲಿಗೆಯಲ್ಲಿ ಮಚ್ಚೆ ಇಲ್ಲ, ಬೆಳಿಗ್ಗೆ ಕನ್ನಡಿಯಲ್ಲಿ ನೋಡಿಕೊಂಡೆ, ಹಲ್ಲುಜ್ಜುವ ನೆಪದಲ್ಲಿ, ಇವರು ನೋಡಿ, ಏನೇ ಅದು ನಾಲಿಗೆ ಚಾಚ್ಕೊಂಡು ನಿಂತಿದೀಯ, ಡಾಕ್ಟರ್ ಹತ್ರ ಹೋಗ್ಬೇಕಾಗಿರೋದು ಮಗು, ನೀನಲ್ಲ ಅಂದರು, ನಗಿಸಬೇಕೆಂದೇ ಅಂದದ್ದು, ಯಾರೂ ನಗಲಿಲ್ಲ. ನಾಲ್ಕು ಗಂಟೆಗೆ ಕಿವಿ ಡಾಕ್ಟರು. ಇವರು ಪ್ರೆಸ್ಸಿನಿಂದ ನೇರ ಅಲ್ಲಿಗೇ ಬರುತ್ತಾರೆ. ಅಲ್ಲಿಯವರೆಗೆ ಪಾತ್ರೆ ಇದೆ, ಬಟ್ಟೆ ಮಡಚುವುದಿದೆ, ಅನ್ನಕ್ಕಿಡಬೇಕು, ಕೆಲಸಕ್ಕೇನು ಬರ, ಕೈ ನಿಂತರೆ ತಲೆ ಓಡುತ್ತದೆ, ಕೈ ಓಡಿದರೂ ತಲೆ ಓಡುತ್ತಲೇ ಇದೆ.

ಅವಳು ಕಿಟಕಿಯ ಕೆಳಗೆ ಕೂತು ಚಿತ್ರ ಬಿಡಿಸುತ್ತಿದ್ದಾಳೆ, ಶಾಲೆಗೆ ಕಳಿಸಲಿಲ್ಲ, ಬೆನ್ನು ನನ್ನ ಕಡೆ, ಎರಡು ಜಡೆ, ಒಂದು ಸೊಟ್ಟ, ನೀಲಿ ಬಣ್ಣದ ಬಟ್ಟಲಿಗೆ ನೇರ ಬೆರಳನ್ನೇ ಅದ್ದುತ್ತಾಳೆ, ಬ್ರಷ್ ಪಕ್ಕದಲ್ಲಿ ಬಿದ್ದಿದೆ, ಕರೆಯಲೇ, ಬೇಡ, ಕರೆದರೆ ಗೊತ್ತಾಗಿಬಿಡುತ್ತದೆ, ಗೊತ್ತಾಗುವುದು ಬೇಡ, ಶಾಲೆಯ ಗೇಟಿನ ಹತ್ತಿರ ಟೀಚರ್ ನನ್ನ ತೋಳು ಹಿಡಿದು ಪಕ್ಕಕ್ಕೆ ಕರೆದದ್ದು, ತಪ್ಪು ತಿಳ್ಕೋಬೇಡಿ, ಎದುರಿಗೆ ನಿಂತು ಕೇಳಿದ್ರೆ ಎಲ್ಲಾ ಹೇಳ್ತಾಳೆ, ಬುದ್ಧಿವಂತೆ, ಆದ್ರೆ ಹಿಂದಿನಿಂದ ಕರೆದ್ರೆ ತಿರುಗೋದೇ ಇಲ್ಲ, ಒಂದ್ಸಲ ಕಿವಿ ತೋರಿಸಿಬಿಡಿ — ಮತ್ತೆ ನಾನು, ಹುಚ್ಚಿ, ನಕ್ಕುಬಿಟ್ಟೆ, ನಮ್ಮ ಮಗಳ ಕಿವೀನಾ ಟೀಚರ್, ಅವಳು ಕೊಕ್ಕರೆ ಕಂಪನಿ ಹಾಡಿಗೆ ಸರಿಯಾದ ಜಾಗದಲ್ಲಿ ಟಕ್ ಅಂತಾಳೆ ಗೊತ್ತಾ, ಒಂದು ಮಾತ್ರೆ ಆಚೆ ಈಚೆ ಆಗಲ್ಲ. ಟೀಚರ್ ನನ್ನ ಮುಖ ನೋಡಿದರು. ಏನಂದ್ರಿ, ಯಾವ ಕಂಪನಿ. ಗೇಟಿನಲ್ಲಿ ನಿಂತು ಅದನ್ನೆಲ್ಲ ಹೇಗೆ ಹೇಳಲಿ, ಯಾರಿಗೆ ಹೇಳಿದರೂ ಪೆದ್ದಿಯಂತೆ ಕಾಣುತ್ತೇನೆ, ಇಂಗ್ಲೆಂಡಿನ ಯಾವುದೋ ಸಣ್ಣ ಊರಿನ ಐದು ಜನ ಉದ್ದ ಕೂದಲಿನವರು, ಮೂರೇ ಮೂರು ರೆಕಾರ್ಡು ಮಾಡಿ ಚದುರಿಹೋದವರು, ಅವರ ಊರಲ್ಲೇ ಅವರನ್ನು ಮೂಸಿ ನೋಡಿದವರಿಲ್ಲ, ಪ್ರೋಗ್ರೆಸಿವ್ ರಾಕ್ ಕಣೇ ಇದು ಅಂತ ಅಣ್ಣ ಬಾಯಿ ತುಂಬ ಹೇಳುತ್ತಿದ್ದ, ಆಗ ಅವನಿಗೆ ಮೀಸೆ ಇನ್ನೂ ಬರಬೇಕೋ ಬೇಡವೋ ಅಂತ ಯೋಚಿಸುತ್ತಿತ್ತು, ರೆಕಾರ್ಡಿನ ಹೊದಿಕೆಯ ಮೇಲೆ ಕಾರ್ಖಾನೆ ಚಿಮಣಿಯ ತುದಿಯಲ್ಲಿ ಒಂಟಿ ಕಾಲಲ್ಲಿ ನಿಂತ ಕೊಕ್ಕರೆ ಇದೆಯಂತೆ, ನಿಜವಾದ ಹೆಸರು ಗಾವುದ ಉದ್ದ, ಅದಕ್ಕೇ ನಮ್ಮ ಮನೆಯಲ್ಲಿ ಅವರು ಕೊಕ್ಕರೆ ಕಂಪನಿ, ನಾಟಕ ಕಂಪನಿ ಅಂದ ಹಾಗೆ, ಅಪ್ಪ ಬೈಯುವಾಗಲೂ, ನಿಲ್ಸ್ರೋ ಆ ಕೊಕ್ಕರೆಗಳ ಅರಚಾಟ, ಮನುಷ್ಯರು ಮಲಗ್ಬೇಕು.

ನೀರು ತಣ್ಣಗಿದೆ. ಲೋಟ ತೊಳೆದದ್ದನ್ನೇ ಮತ್ತೆ ತೊಳೆಯುತ್ತಿದ್ದೇನೆ. ಟೇಪು ಅಣ್ಣನ ಗೆಳೆಯನ ಗೆಳೆಯನಿಂದ ಬಂದದ್ದು, ನಕಲಿನ ನಕಲು, ಒಂದು ಮಗ್ಗುಲು ಪೂರ್ತಿ ಒಂದೇ ಹಾಡು, ಮೊದಲು ಕೊಳಲು ಒಂದೇ, ಹೆದರಿಕೊಂಡು ಮನೆಯೊಳಗೆ ಬಂದವರ ಹಾಗೆ, ಆಮೇಲೆ ಆ ದಪ್ಪ ತಂತಿಯ ಗಿಟಾರು ನೆಲದಿಂದ ಏಳುತ್ತದೆ, ತಕಿಟ ತಕಧಿಮಿ ತಕಿಟ ತಕಧಿಮಿ, ಏಳರ ಲೆಕ್ಕ ಕಣೇ, ಇವರು ನಾಲ್ಕರಲ್ಲಿ ಹೊಡೆಯೋ ಜನ ಅಲ್ಲ ಅಂತ ಅಣ್ಣ ನನ್ನ ಬೆನ್ನ ಮೇಲೇ ಬಾರಿಸಿ ಕಲಿಸಿದ್ದು, ಆಮೇಲೆ ಆರ್ಗನ್ನು, ಮೆಟ್ಟಿಲು ಮೆಟ್ಟಿಲಾಗಿ, ಇನ್ನು ತಡೆಯಲಾರೆ ಅನ್ನುವಷ್ಟು ಎತ್ತರಕ್ಕೆ, ಅಲ್ಲಿ ಆ ಹಾಡುವವನು ಬಾಯಿ ತೆರೆಯುತ್ತಾನೆ, ಒಂದು ಪದ, ಪದದ ಅರ್ಧ — ಟಕ್. ಟೇಪು ಮುಗಿದು ಗುಂಡಿ ತಾನಾಗಿ ಮೇಲೆ ಹಾರುತ್ತದೆ. ಅದೇ ಹಾಡಿನ ಮುಕ್ತಾಯ ಅಂದುಕೊಂಡಿದ್ದೆವಲ್ಲ ನಾವು, ಎಂಥ ದಡ್ಡರು, ಅಣ್ಣ ಗೆಳೆಯರನ್ನು ಕೂರಿಸಿಕೊಂಡು ಭಾಷಣ ಬೇರೆ, ಧೈರ್ಯ ನೋಡ್ರೋ, ಅರ್ಧ ಪದಕ್ಕೆ ಕತ್ತರಿಸಿ ಎದ್ದು ಹೋಗಿದಾರೆ, ಬೇರೆ ಯಾರಿಗಿದೆ ಈ ಗಂಡೆದೆ, ಅವರೂ ತಲೆಯಾಡಿಸಿದರು, ಆ ಜಾಗ ಬಂದಾಗ ಎಲ್ಲರೂ ಒಟ್ಟಿಗೆ ಟಕ್ ಅನ್ನಬೇಕು, ಅದೇ ನಿಯಮ, ಅಮ್ಮ ಅಡುಗೆಮನೆಯಿಂದ ಟಕ್ ಅನ್ನುತ್ತಿದ್ದಳು, ಅಪ್ಪ ಬೈದುಕೊಂಡೇ ಟಕ್ ಅನ್ನುತ್ತಿದ್ದರು, ಮದುವೆಯಾದ ಹೊಸದರಲ್ಲಿ ಇವರಿಗೆ ಕೇಳಿಸಿದೆ, ಪೂರ್ತಿ ಕೇಳಿದರು ಪಾಪ, ಕೊನೆಗೆ, ಚೆನ್ನಾಗಿದೆ, ನೀನು ಕಿನ್ನರಿ ಬಾರಿಸ್ತಾ ಇರು, ಎದುರಿಗೆ ಈ ಕೋಣ ಕೂತಿರುತ್ತೆ ಅಂದರು, ಆದರೆ ಆ ವಾರ ಮುಗಿಯುವುದರೊಳಗೆ ಕೋಣವೂ ಟಕ್ ಅಂದಿತು. ಮಗು ಮೊದಲು ಹೇಳಿದ್ದು ಅಮ್ಮ, ಆಮೇಲೆ ಹೇಳಿದ್ದು ಟಕ್. ಅದಕ್ಕೇ ಟಕ್ಕಮ್ಮ.

ಹಾಗಿರುವಾಗ ಕಿವಿಗೆ ಏನಾಗಿರಲು ಸಾಧ್ಯ. ಮೊನ್ನೆ ಕೂಡ ಟಕ್ ಅಂದಳಲ್ಲ. ಮೊನ್ನೆಯೋ ಹೋದ ವಾರವೋ. ಬೆಳಿಗ್ಗೆ ಹಾಲಿನ ಗಾಡಿ ಬಂದಾಗ — ಇಲ್ಲ, ಅವಳು ಕಿಟಕಿಯಲ್ಲಿದ್ದಳು, ಗಾಡಿ ನೋಡಿ ಓಡಿದ್ದು. ಕುಕ್ಕರ್ ಕೂಗಿದರೆ ಹೆದರುತ್ತಾಳಲ್ಲ — ಹೆದರುತ್ತಿದ್ದಳು, ಈಗ ಹೆದರುವುದಿಲ್ಲ, ದೊಡ್ಡವಳಾದಳು ಅಂತ ನಾನೇ ಇವರಿಗೆ ಹೇಳಿದೆ, ಹೆಮ್ಮೆಯಿಂದ. ನಮ್ಮ ಮನೆಯಲ್ಲಿ ಯಾರು ಮೆಲ್ಲಗೆ ಮಾತಾಡುತ್ತಾರೆ, ಇವರು ದಿನವಿಡೀ ಪ್ರೆಸ್ಸಿನ ಯಂತ್ರದ ಪಕ್ಕ ನಿಂತು ಔಷಧಿ ಡಬ್ಬಿಯ ಚೀಟಿ ಅಚ್ಚು ಹಾಕಿ ಬಂದವರು, ಉಪ್ಪು ಕೊಡು ಅನ್ನುವುದನ್ನೂ ಬೀದಿಗೆ ಕೇಳುವ ಹಾಗೆ ಅನ್ನುತ್ತಾರೆ, ನಾನೂ ಅಭ್ಯಾಸವಾಗಿ ಕಿರುಚುತ್ತೇನೆ, ಮಗು ಕಿರುಚುತ್ತದೆ, ಕೆಳಗಿನ ಮನೆಯ ದರ್ಜಿ ಅಜ್ಜಿ, ನಿಮ್ಮನೇಲಿ ಜಗಳವೋ ಊಟವೋ ಒಂದೂ ತಿಳಿಯಲ್ಲ ತಾಯಿ ಅನ್ನುತ್ತಾಳೆ, ಈ ಗಲಾಟೆಯಲ್ಲಿ ಯಾರಿಗೆ ಏನು ತಿಳಿಯಬೇಕು. ಮಾತಾಡುವಾಗ ನನ್ನ ಗಲ್ಲ ಹಿಡಿದು ತನ್ನ ಕಡೆ ತಿರುಗಿಸಿಕೊಳ್ಳುತ್ತಾಳೆ, ಅಮ್ಮ ಮುಖ ತೋರ್ಸು, ಮುಖ ತೋರ್ಸಿ ಹೇಳು, ಎಷ್ಟು ಪ್ರೀತಿ ನೋಡಿ ಅಂತ ಎಲ್ಲರಿಗೂ ಹೇಳಿಕೊಂಡು ಓಡಾಡಿದ್ದೇನೆ, ಪ್ರೀತಿಯೇ, ಪ್ರೀತಿಯಲ್ಲದೆ ಮತ್ತೇನು, ಗಲ್ಲದ ಮೇಲೆ ಆ ಸಣ್ಣ ತಣ್ಣನೆ ಬೆರಳು.

ಬಸುರಿಯಾಗಿದ್ದಾಗ ಪೆಟ್ಟಿಗೆಗೆ ಹೊಟ್ಟೆ ಆನಿಸಿ ಕೂರುತ್ತಿದ್ದೆ, ಆರ್ಗನ್ನು ಏರುವಾಗ ಒದೆಯುತ್ತಿದ್ದಳು, ದನಿ ಹೆಚ್ಚು ಮಾಡುತ್ತಿದ್ದೆ, ಇನ್ನೂ ಒದೆಯುತ್ತಿದ್ದಳು, ಅದರಿಂದಲೇ ಏನಾದರೂ — ನಿನ್ನೆ ಕೇಳಿಯೇಬಿಟ್ಟೆ ಇವರನ್ನು, ರೀ, ಅದರಿಂದ ಇರಬಹುದಾ, ಇವರು ತಟ್ಟೆಯಿಂದ ಕೈ ತೆಗೆದು, ಹಂಗಾದ್ರೆ ನಮ್ಮ ಪ್ರೆಸ್ಸಿನ ಹೆಂಗಸರ ಮಕ್ಕಳೆಲ್ಲ ಏನಾಗ್ಬೇಕಿತ್ತೇ, ಉಣ್ಣು ಸುಮ್ನೆ, ಅಂದರು, ಆದರೆ ಮೆಲ್ಲಗೆ ಅಂದರು, ಇವರು, ಮೆಲ್ಲಗೆ. ಹೋದ ವರ್ಷ ಅಣ್ಣ ಫೋನ್ ಮಾಡಿದ್ದ, ಅವನು ಈಗ ಬೇರೆ ಊರಲ್ಲಿ ಲಿಫ್ಟು ರಿಪೇರಿ ಮಾಡುತ್ತಾನೆ, ಯಾವುದೋ ಕಟ್ಟಡದ ಲಿಫ್ಟಿನ ಮೇಲೆ ಕೂತುಕೊಂಡೇ, ಲೇ ಮಂಕೇ, ಹಾಡು ಮುಗಿದೇ ಇಲ್ಲ ಕಣೇ, ಪೂರ್ತಿ ಸಿಕ್ತು, ಕಳಿಸಿದೀನಿ ನೋಡು, ನಮಗೆ ಇಷ್ಟು ವರ್ಷ ಟೋಪಿ ಬಿದ್ದಿತ್ತು. ಪೊರಕೆ ಹಿಡಿದುಕೊಂಡೇ ಕೇಳಿದೆ. ಟಕ್ ಆಗಬೇಕಾದ ಜಾಗದಲ್ಲಿ ಆ ಹಾಡುವವನು ಪದ ಪೂರ್ತಿ ಮಾಡಿಬಿಟ್ಟ, ಆಮೇಲೂ ಹಾಡಿದ, ಕೊಳಲು ಮತ್ತೆ ಬಂತು, ಚೆನ್ನಾಗಿಯೇ ಇತ್ತು, ಆದರೆ ನಮ್ಮ ಮನೆಗೆ ಹಿಂದೆ ಇನ್ನೊಂದು ಕೋಣೆ ಇತ್ತು, ಅದರಲ್ಲಿ ಯಾರೋ ಬಾಡಿಗೆಗಿದ್ದರು ಅಂತ ಈಗ ತಿಳಿದ ಹಾಗೆ, ನನಗೆ ಹಿಡಿಸಲಿಲ್ಲ. ಮಗುವಿಗೂ ಹಿಡಿಸಲಿಲ್ಲ. ಫೋನಿನಲ್ಲಿ ಹಾಕಿದರೆ ತಿರುಗಿಯೂ ನೋಡಲಿಲ್ಲ, ಎದ್ದು ಹೋದಳು. ಅಣ್ಣನಿಗೆ ಹೇಳಿದೆ, ನೋಡೋ, ನಿನಗಿಂತ ನಿನ್ನ ಸೊಸೆ ದೊಡ್ಡ ಅಭಿಮಾನಿ, ಫೋನಿನ ಹಾಡಿಗೆ ಕ್ಯಾರೇ ಅನ್ನಲ್ಲ, ಪೆಟ್ಟಿಗೆಯ ಹಾಡೇ ಆಗಬೇಕು ಅವಳಿಗೆ. ಅಣ್ಣ ಖುಷಿಯಾಗಿ, ರಕ್ತ ಕಣೇ, ಪೆಟ್ಟಿಗೆ ನಾನು ಕೈಯಾರೆ ಮಾಡಿದ್ದಲ್ವಾ, ಅಮ್ಮನ ಹಳೇ ಬೀರುವಿನ ಹಲಗೆ, ಮರ ಮಾತಾಡುತ್ತೆ, ಅಂದ. ಮರ ಮಾತಾಡುತ್ತೆ.

ಕೈ ಒರೆಸಿಕೊಂಡೆ. ಒಂದು ಸಲ ಹಾಕಿ ನೋಡಿಬಿಡುತ್ತೇನೆ, ಡಾಕ್ಟರು ಯಾಕೆ, ಯಂತ್ರ ಯಾಕೆ, ಟಕ್ ಅಂದಳೋ ಇಲ್ಲವೋ ಅಷ್ಟೇ, ಅಂದರೆ ಇವರಿಗೆ ಫೋನ್ ಮಾಡಿ ಬರಬೇಡಿ ಅನ್ನುತ್ತೇನೆ, ಶಾಲೆಗೆ ಹೋಗಿ ಟೀಚರ್‌ಗೆ ಹೇಳುತ್ತೇನೆ. ಪೂರ್ತಿ ಬೇಡ, ಕೊನೆಯ ಭಾಗ ಸಾಕು, ಟೇಪು ಮುಂದಕ್ಕೆ ಓಡಿಸಿದೆ, ಇವರು ರಬ್ಬರ್ ಬ್ಯಾಂಡು ಹಾಕಿ ಬದುಕಿಸಿಟ್ಟ ಯಂತ್ರ, ಕುಂಟುತ್ತ ಓಡುತ್ತದೆ, ಸದ್ಯ, ಆರ್ಗನ್ನು ಶುರುವಾಯಿತು, ಅವಳ ಬೆನ್ನು ಅಲ್ಲಾಡಲಿಲ್ಲ, ಚಿತ್ರದಲ್ಲಿ ಮುಳುಗಿದ್ದಾಳೆ, ಮುಳುಗಿದರೆ ನನಗೂ ಕೇಳಿಸುವುದಿಲ್ಲ, ಸಾರು ಉಕ್ಕಿದ್ದೂ ಕೇಳಿಸುವುದಿಲ್ಲ, ಏರುತ್ತಿದೆ, ಅವನು ಬಾಯಿ ತೆರೆದ, ಅರ್ಧ ಪದ, ಗುಂಡಿ ಹಾರಿತು. ಅವಳು ನೀಲಿ ಬಳಿಯುತ್ತಿದ್ದಾಳೆ. ಇರಲಿ, ದನಿ ಸಣ್ಣದಾಯಿತು, ದೂರ ಬೇರೆ, ಕಿಟಕಿಯ ಹೊರಗೆ ಬಸ್ಸು, ಮತ್ತೆ ಹಿಂದಕ್ಕೆ ಓಡಿಸಿದೆ, ದನಿ ಹೆಚ್ಚು ಮಾಡಿದೆ, ಇನ್ನೂ, ನೆಲ ಗುಂಯ್ ಅನ್ನುತ್ತಿದೆ, ಕೆಳಗಿನಿಂದ ದರ್ಜಿ ಅಜ್ಜಿ ಕೋಲಿನಿಂದ ಸೂರು ಕುಟ್ಟಿದಳು, ಕುಟ್ಟಲಿ, ಮತ್ತು ಆಗ, ಅಯ್ಯೋ ನನ್ನ ಚಿನ್ನ, ಅವಳು ತಲೆ ಎತ್ತಿದಳು, ನೆಲವನ್ನು ನೋಡಿದಳು, ತಿರುಗಿದಳು, ನಕ್ಕಳು, ಎದ್ದು ಓಡಿ ಬಂದಳು, ಪೆಟ್ಟಿಗೆಯ ಪಕ್ಕ ಕುಕ್ಕರಗಾಲಿನಲ್ಲಿ ಕೂತಳು, ಆರ್ಗನ್ನು ಮೆಟ್ಟಿಲು ಹತ್ತುತ್ತಿದೆ, ಇವಳ ತಲೆ ಏಳರ ಲೆಕ್ಕಕ್ಕೆ ಅಲ್ಲಾಡುತ್ತಿದೆ, ತಕಿಟ ತಕಧಿಮಿ, ಸರಿಯಾಗಿ, ಎಷ್ಟು ಸರಿಯಾಗಿ, ಅರ್ಧ ಪದ — ಟಕ್! ಅಂದಳು, ಗುಂಡಿಯೂ ಅವಳೂ ಒಟ್ಟಿಗೆ, ನನಗೆ ಅಳು ನಗು ಎರಡೂ ಬಂತು, ಇವರಿಗೆ ಫೋನ್ ಮಾಡಬೇಕು, ಫೋನ್ ಎಲ್ಲಿ, ಅಡುಗೆಮನೆಯಲ್ಲಿ, ನೋಡ್ರೀ ನಾನು ಹೇಳಲಿಲ್ವಾ ಅನ್ನಬೇಕು, ನೋಡ್ರೀ —

ಅವಳ ಬಲಗೈ ಪೆಟ್ಟಿಗೆಯ ಹಲಗೆಯ ಮೇಲಿತ್ತು. ಬೆರಳು ಅಗಲಿಸಿ, ಅಂಗೈ ಒತ್ತಿ, ಜ್ವರ ಬಂದವರ ಹಣೆ ಮುಟ್ಟಿ ನೋಡುವ ಹಾಗೆ. ಕೈ ತೆಗಿ ಮರಿ, ಬಣ್ಣ ಆಗುತ್ತೆ, ಅಂದೆ, ತೆಗೆಯಲಿಲ್ಲ, ನನ್ನ ಮುಖ ಅವಳ ಕಡೆ ಇರಲಿಲ್ಲ. ಟೇಪು ಮತ್ತೆ ಹಿಂದಕ್ಕೆ ಓಡಿಸಿದೆ, ಮೆಲ್ಲಗೆ ಆ ಕೈಯನ್ನು ಎತ್ತಿ ನನ್ನ ಕೈಯಲ್ಲಿ ಹಿಡಿದುಕೊಂಡೆ, ಇನ್ನೊಂದನ್ನೂ, ಎರಡೂ ನೀಲಿ, ತೊಡೆಯ ಮೇಲೆ ಕೂರಿಸಿಕೊಂಡೆ, ಕಾಲು ನೆಲಕ್ಕೆ ತಾಗದ ಹಾಗೆ, ಬೆನ್ನು ನನ್ನ ಎದೆಗಲ್ಲ, ತೋಳಿಗೆ, ಯಾಕೆ ಹೀಗೆ ಮಾಡುತ್ತಿದ್ದೇನೆ, ಬೇಡ, ಬೇಡ, ಮೊಣಕೈಯಿಂದ ಗುಂಡಿ ಒತ್ತಿದೆ, ಅಷ್ಟೇ ದನಿ, ದರ್ಜಿ ಅಜ್ಜಿ ಮತ್ತೆ ಕುಟ್ಟುತ್ತಿದ್ದಾಳೆ, ಆರ್ಗನ್ನು ಏರಿತು, ಅವಳು ನನ್ನ ಮೂಗುತಿ ನೋಡುತ್ತಿದ್ದಾಳೆ, ನನ್ನ ತುಟಿ ನೋಡುತ್ತಿದ್ದಾಳೆ, ನಾನು ತುಟಿ ಬಿಗಿಹಿಡಿದಿದ್ದೇನೆ, ಅವನು ಬಾಯಿ ತೆರೆದ, ಅರ್ಧ ಪದ, ಗುಂಡಿ ಹಾರಿತು, ಮನೆ ಪೂರ್ತಿ ಸುಮ್ಮನಾಯಿತು, ಅವಳು ಕಾಯುತ್ತಿದ್ದಳು, ಕೈ ಬಿಡಿಸಿಕೊಂಡು ನನ್ನ ಗಲ್ಲ ಹಿಡಿದು, ಅಮ್ಮ, ಹಾಕು, ಅಂದಳು. ಹಾಡು ಯಾವಾಗ ಹಾಕ್ತೀಯ.

ಅನ್ನಕ್ಕಿಡಬೇಕು. ನಾಲ್ಕು ಗಂಟೆ. ಸೊಟ್ಟ ಜಡೆ ಬಿಚ್ಚಿ ಹಾಕಬೇಕು, ಹಸಿರು ಲಂಗ ಇಸ್ತ್ರಿ ಮಾಡಬೇಕು, ಅವಳು ಕಿಟಕಿಗೆ ಹಿಂತಿರುಗಿದ್ದಾಳೆ, ನನ್ನ ಗಲ್ಲದ ಮೇಲೆ ನೀಲಿ ಇರಬೇಕು, ತಣ್ಣಗಿದೆ, ಒದ್ದೆ ಬಟ್ಟೆ ಕೈಯಲ್ಲೇ ಇದೆ, ಯಾವಾಗ ತೆಗೆದುಕೊಂಡೆ, ಹಾಲಿನ ಅಂಟು, ಬಳಪದ ಪುಡಿ, ಮಾವಿನಹಣ್ಣಿನ ರಸ ಒಂದು ಸಲ, ಎಣ್ಣೆ ಒಂದು ಸಲ, ಹಬೆಯಂಥ ಬರೀ ಬೆವರು ಎಷ್ಟೋ ಸಲ, ದಿನಾ ಬೆಳಿಗ್ಗೆ ಬೈದುಕೊಂಡು, ಎಷ್ಟು ಹೇಳಿದ್ರೂ ಕೇಳಲ್ಲ, ಒಂದು ಸಲ ಎಳೆದರೆ ಹೋಗುತ್ತದೆ, ದಿನಾ ಹೋಗುತ್ತಿತ್ತು, ದಿನಾ ನಾನೇ, ಈ ಕೈಯಿಂದಲೇ, ನೀರು ಮೊಣಕೈಗೆ ಇಳಿಯುತ್ತಿದೆ, ಹಲಗೆಯ ಮೇಲೆ ಇನ್ನೂ ಒಣಗಿಲ್ಲ, ಬಲಪಕ್ಕ, ಅದೇ ಜಾಗ, ನೀಲಿ, ಒಂದು ಸಲ ಎಳೆದರೆ — ಐದು ಬೆರಳು, ಒಂದು ಅಂಗೈ, ಐದು ಬೆರಳು