ಬಿಸಿ ತಾಗದ ಬೆರಳು

ಇಸ್ತ್ರಿ ಪೆಟ್ಟಿಗೆ ಕಾದಿದೆಯೋ ಇಲ್ಲವೋ ಅಂತ ನಾವು ನೀವು ಹೇಗೆ ನೋಡುತ್ತೇವೆ? ಎರಡು ಹನಿ ನೀರು ಚಿಮುಕಿಸುತ್ತೇವೆ. ನಮ್ಮ ಇಸ್ತ್ರಿ ಅಕ್ಕ ಹಾಗಲ್ಲ. ಕಿರುಬೆರಳನ್ನು ನಾಲಿಗೆಗೆ ಒತ್ತಿ, ಪೆಟ್ಟಿಗೆಯ ತಳಕ್ಕೆ ಚಕ್ಕನೆ ಮುಟ್ಟಿಸಿ ತೆಗೆಯುತ್ತಾಳೆ. 'ಚುಂಯ್' ಅಂದರೆ ಹತ್ತಿ ಬಟ್ಟೆಗೆ ಸರಿ. ಸುಮ್ಮನಿದ್ದರೆ ಇನ್ನಷ್ಟು ಕಾಯಬೇಕು. ಆ ಕಸುಬಿನಲ್ಲಿ ಹೀಗೆ ನೋಡುವವರು ಬಹಳ ಮಂದಿ. ಮುಟ್ಟುತ್ತಾರೆ, ಚುರ್ ಅಂದಾಗ ಕೈ ಕೊಡವುತ್ತಾರೆ.

ಅಕ್ಕ ಮಾತ್ರ ಇತ್ತೀಚೆಗೆ ಕೈ ಕೊಡವುವುದನ್ನೇ ಬಿಟ್ಟಿದ್ದಳು.

"ನನ್ನ ಕೈ ಪಳಗಿದೆ ಕಣ್ರೀ. ಇವಳ ತಂಟೆಗೆ ಹೋಗಬಾರದು ಅಂತ ಬೆಂಕಿಗೂ ಗೊತ್ತಾಗಿದೆ" ಎಂದು ಬಂದ ಗಿರಾಕಿಗಳ ಮುಂದೆಲ್ಲ ಜಂಬ ಕೊಚ್ಚಿಕೊಳ್ಳುತ್ತಿದ್ದಳು. ಸಂಜೆ ಮನೆಯಲ್ಲಿ ಕೈ ತೊಳೆಯುವಾಗ ಬೆರಳ ಮೇಲೆ ಬೊಬ್ಬೆ ಕಾಣುತ್ತಿತ್ತು. ಇದು ಯಾವಾಗ ಎದ್ದಿತಪ್ಪಾ ಅಂತ ಒಂದು ಗಳಿಗೆ ಯೋಚಿಸಿ ಮರೆತುಬಿಡುತ್ತಿದ್ದಳು. ಮುಂಗೈ ಮೇಲೊಂದು ಮಾಸಲು ಬಿಳುಪಿನ ಮಚ್ಚೆಯೂ ಇತ್ತು. ತುರಿಕೆ ಇಲ್ಲ, ಉರಿ ಇಲ್ಲ. ಹಬೆಗೆ ಬಂದಿರಬೇಕು ಅಂದುಕೊಂಡಿದ್ದಳು.

ಒಂದು ದಿನ ಸರ್ಕಾರಿ ಆಸ್ಪತ್ರೆಯ ನರ್ಸಮ್ಮ ತನ್ನ ಬಿಳಿ ಕೋಟು ಒಯ್ಯಲು ಅಂಗಡಿಗೆ ಬಂದಳು. ಅಕ್ಕನ ಮಗಳು ಬಾಣಂತನಕ್ಕೆ ತವರಿಗೆ ಬಂದಿದ್ದರಿಂದ ಅವಳ ಬಾಯಲ್ಲಿ ಮೊಮ್ಮಗಳದ್ದೇ ಮಾತು.

"ನಿನ್ನೆ ನನ್ನ ನೋಡಿ ನಕ್ಕಳು ನರ್ಸಮ್ಮ! ಅಮ್ಮನ ಹತ್ರ ಅಳ್ತಾಳೆ, ನಾನು ಎತ್ಕೊಂಡ್ರೆ ಗಪ್‌ಚಿಪ್!" ಎನ್ನುತ್ತಾ ಅಕ್ಕ ಬೆರಳು ಒದ್ದೆ ಮಾಡಿ ಪೆಟ್ಟಿಗೆಗೆ ಮುಟ್ಟಿಸಿದಳು. ಮಾತಿನ ಭರದಲ್ಲಿ ತೆಗೆಯುವುದು ಮರೆತೇ ಹೋಯಿತು.

"ಅಕ್ಕಾ! ಬೆರಳು!" ನರ್ಸಮ್ಮ ಕೂಗಿ ಅವಳ ಕೈ ಎಳೆದಳು.

ಬೆರಳ ತುದಿ ಬೆಂದು ಬೆಳ್ಳಗಾಗಿತ್ತು. ಅಕ್ಕ ಅದನ್ನು ಯಾರದೋ ಬೆರಳು ನೋಡುವ ಹಾಗೆ ನೋಡಿದಳು.

"ಉರೀತಿಲ್ವಾ?"

"ಇಲ್ವಲ್ಲ."

ನರ್ಸಮ್ಮ ಮೊದಲು ಬೆರಳನ್ನು ನಲ್ಲಿಯ ತಣ್ಣೀರಿಗೆ ಹಿಡಿದಳು. ತುಂಬ ಹೊತ್ತು ಹಾಗೇ ಹಿಡಿದಿದ್ದಳು. ಆಗಲೇ ಮುಂಗೈ ಮಚ್ಚೆ ಅವಳ ಕಣ್ಣಿಗೆ ಬಿದ್ದದ್ದು. ಕೈ ಒರೆಸಿ, ಕೂರಿಸಿ, ಚೀಲದಿಂದ ಪೆನ್ನು ತೆಗೆದಳು.

"ಕಣ್ಣು ಮುಚ್ಕೋ ಅಕ್ಕ. ನಾನು ಮುಟ್ಟಿದಾಗೆಲ್ಲ ಹೂಂ ಅನ್ನು."

"ಹೂಂ" ಎಂದಳು ಅಕ್ಕ, ಮೊಣಕೈ ಹತ್ತಿರ ಮುಟ್ಟಿದಾಗ. ಆಮೇಲೆ ಸುಮ್ಮನೆ ಕೂತಳು. ಕೂತಳು, ಕೂತೇ ಇದ್ದಳು.

"ಬೇಗ ಮುಟ್ಟಿ ನರ್ಸಮ್ಮ, ಬಟ್ಟೆ ರಾಶಿ ಬಿದ್ದಿದೆ."

"ಆ ಮಚ್ಚೆ ಮೇಲೆ ಅಷ್ಟೂ ಕಡೆ ಮುಟ್ಟಿ ಮುಗೀತು ಅಕ್ಕ."

ಅಕ್ಕ ಕಣ್ಣು ಬಿಟ್ಟು ಮಚ್ಚೆಯನ್ನೇ ನೋಡಿದಳು.

"ಮಚ್ಚೆ ಇದ್ದೋರಿಗೆಲ್ಲ ಕಾಯಿಲೆ ಅಂತಲ್ಲ. ಆದ್ರೆ ಮುಟ್ಟಿದ್ದು ಗೊತ್ತಾಗದ ಮಚ್ಚೆ ಅಂದ್ರೆ ಕುಷ್ಠ ಇರಬಹುದು. ಡಾಕ್ಟರು ನೋಡಿ ಹೇಳ್ತಾರೆ. ಗುಣ ಆಗೋ ಕಾಯಿಲೆ ಅದು, ಹೆದರ್ಬೇಡ. ನಾಳೆ ಬೆಳಿಗ್ಗೆ ಆಸ್ಪತ್ರೆಗೆ ಬಾ, ನಾನೂ ಇರ್ತೀನಿ."

ಹೆದರಬೇಡ ಅಂದರೆ ಹೆದರಿಕೆ ಹೋಗುತ್ತದೆಯೇ? ಅಕ್ಕನಿಗೆ ಕೇಳಿಸಿದ್ದು ಕುಷ್ಠ ಅನ್ನುವ ಒಂದೇ ಪದ. ಮನೆಗೆ ಬಂದವಳು ತನ್ನ ತಟ್ಟೆ, ಲೋಟ, ದಿಂಬು ತೆಗೆದು ಮೂಲೆಗಿಟ್ಟಳು. ತೊಟ್ಟಿಲಲ್ಲಿ ಮಗು ಅತ್ತಿತು. ಅಕ್ಕ ಬಾಗಿಲಲ್ಲೇ ನಿಂತಳು, ಎತ್ತಿಕೊಳ್ಳಲಿಲ್ಲ.

ಗಂಡ ಬಡಗಿ. ಮೈಮೇಲಿನ ಮರದ ಹೊಟ್ಟು ಕೊಡವುತ್ತಾ ಒಳಗೆ ಬಂದವನು ವಿಷಯ ಕೇಳಿ ಮೂಗು ಮುರಿದ.

"ಆ ನರ್ಸಮ್ಮ ಹಗ್ಗ ನೋಡಿ ಹಾವು ಅಂತಾಳೆ. ನನ್ನ ಅಂಗೈ ನೋಡು, ಉಳಿ ಹಿಡಿದು ಹಿಡಿದು ಕಲ್ಲಾಗಿಲ್ವಾ? ದುಡಿಯೋ ಕೈ ಅಂದ್ರೆ ಹಂಗೇ ಕಣೇ. ಎಣ್ಣೆ ಹಚ್ಕೊಂಡು ಮಲಕ್ಕೋ."

"ರೀ, ಮಗು ಇರೋ ಮನೆ ಇದು" ಎಂದಳು ಅಕ್ಕ. ತೊಟ್ಟಿಲಿನ ಹತ್ತಿರ ಹೋಗಲಿಲ್ಲ.

ಅದನ್ನು ನೋಡಿ ಅವನ ಜೋರೆಲ್ಲ ಇಳಿಯಿತು. ಬೆಳಿಗ್ಗೆ ತನ್ನ ಕೆಲಸ ಬಿಟ್ಟು ಅವಳ ಜೊತೆ ತಾನೂ ಆಸ್ಪತ್ರೆಗೆ ಹೊರಟ. ದಾರಿಯುದ್ದಕ್ಕೂ ಗೊಣಗುತ್ತಲೇ ಬಂದ, ಅದು ಬೇರೆ ಮಾತು.

ಡಾಕ್ಟರಮ್ಮ ಮಚ್ಚೆ ನೋಡಿದರು. ಮೊಣಕೈಯ ಒಳಗಿನ ನರ ಒತ್ತಿ ನೋಡಿದರು. ಬೆರಳುಗಳನ್ನು ಮಡಚಿಸಿದರು, ಬಿಡಿಸಿದರು. "ಹೌದಮ್ಮ, ಕುಷ್ಠಾನೇ" ಅಂದರು.

ಬಡಗಿ ಸುಮ್ಮನಿರಬೇಕಲ್ಲ! "ಮೇಡಂ, ಕೆಲಸ ಮಾಡಿ ಮಾಡಿ ಕೈ ಕಲ್ಲಾಗಿರಬಹುದಲ್ವಾ? ನನ್ನದೂ ಆಗಿದೆ."

"ನಿಮ್ಮ ಕೈಗೆ ಸಿಬಿರು ಚುಚ್ಚಿದ್ರೆ?"

"ಅಯ್ಯೋ, ಪ್ರಾಣಾನೇ ಹೋಗುತ್ತೆ ಮೇಡಂ!"

"ನೋಡಿ, ಎಷ್ಟೇ ಕಲ್ಲಾದ್ರೂ ಕೈಗೆ ನೋವು ಗೊತ್ತಾಗುತ್ತೆ. ಇವರ ಬೆರಳು ಬೆಂದ್ರೂ ಗೊತ್ತಾಗಲಿಲ್ಲ. ಅದು ಪಳಗಿದ್ದಲ್ಲ, ನರಕ್ಕೆ ಕಾಯಿಲೆ ಬಂದಿದ್ದು."

ಬಡಗಿ ತನ್ನ ಅಂಗೈ ತಿರುಗಿಸಿ ನೋಡಿಕೊಂಡ. ಅಕ್ಕ ರಾತ್ರಿಯೆಲ್ಲ ನುಂಗಿಕೊಂಡಿದ್ದನ್ನು ಕೇಳಿಯೇಬಿಟ್ಟಳು. "ಡಾಕ್ಟರಮ್ಮ, ಮೊಮ್ಮಗಳನ್ನ ಇನ್ನು ನಾನು ಮುಟ್ಟೋ ಹಾಗಿಲ್ವಾ?"

"ಯಾರಮ್ಮ ಹೇಳಿದ್ದು? ಇದು ಮುಟ್ಟಿದ್ರೆ, ಎತ್ಕೊಂಡ್ರೆ ಅಂಟೋ ಕಾಯಿಲೆ ಅಲ್ಲ. ಮಾತ್ರೆ ಶುರು ಮಾಡಿದ ಮೇಲಂತೂ ಇನ್ನೊಬ್ಬರಿಗೆ ಹರಡೋದು ನಿಲ್ಲುತ್ತೆ. ಇಗೋ, ಮೊದಲನೇ ಮಾತ್ರೆ ನಮ್ಮೆದುರೇ ನುಂಗಿ. ಹೋಗಿ ಮಗೂನ ಎತ್ಕೊಳ್ಳಿ. ಮನೆಯವರನ್ನೆಲ್ಲ ಒಂದ್ಸಲ ಕರ್ಕೊಂಡು ಬನ್ನಿ, ಅವರನ್ನೂ ನೋಡಿಬಿಡ್ತೀವಿ."

ಅಕ್ಕನಿಗೆ ಹೋದ ಜೀವ ಬಂದಂತಾಯಿತು. ಅಲ್ಲೇ ಕೂತು ಗಳಗಳನೆ ಅತ್ತಳು. ನರ್ಸಮ್ಮ ನೀರು ಕೊಟ್ಟು ಬೆನ್ನು ಸವರಿದಳು.

"ನೀನು ಆರು ತಿಂಗಳು ಬಿಡದೆ ತಗೋಬೇಕು ಅಕ್ಕ. ಕಾಯಿಲೆ ಜಾಸ್ತಿ ಇದ್ದೋರಿಗೆ ಒಂದು ವರ್ಷ. ಇವತ್ತು ಮೂತ್ರ ಕೆಂಪಗೆ ಹೋದ್ರೆ ಗಾಬರಿ ಬೇಡ, ಅದು ಮಾತ್ರೆ ಬಣ್ಣ. ಬೆರಳು ಸೊಟ್ಟಗಾಗೋಕೆ ಮುಂಚೆ ಬಂದಿದೀಯ, ಉಗುರಲ್ಲಿ ಹೋಗೋದು ಕೊಡಲಿಗೆ ಬರಲಿಲ್ಲ. ಆದ್ರೆ ಸತ್ತ ಸ್ಪರ್ಶ ಪೂರ್ತಿ ವಾಪಸ್ ಬರುತ್ತೆ ಅಂತ ಹೇಳೋಕಾಗಲ್ಲ. ಪೆಟ್ಟಿಗೆ ನೋಡೋಕೆ ಇನ್ನು ನೀರು ಚಿಮುಕಿಸು. ದಪ್ಪ ಕೈಗವಸು ಹಾಕ್ಕೋ. ದಿನಾ ಸಂಜೆ ಕೈ ನೋಡ್ಕೋ."

ಮನೆಗೆ ಬಂದ ಬಡಗಿ ನೆಟ್ಟಗೆ ಮೂಲೆಗೆ ಹೋಗಿ ಅವಳ ತಟ್ಟೆ ಲೋಟ ಎತ್ತಿ ತಂದು ಎಲ್ಲರ ಪಾತ್ರೆಯ ಜೊತೆ ಜೋಡಿಸಿದ. "ನಿನ್ನ ತಟ್ಟೆ ಬೇರೆ, ನಮ್ಮ ತಟ್ಟೆ ಬೇರೆ ಅಂತ ಎರಡು ಸಲ ತೊಳೆಯೋರು ಯಾರು? ನಾನಾ?" ಎಂದು ರೇಗಿದ. ಅಷ್ಟು ಹೇಳುವಷ್ಟರಲ್ಲಿ ಅವನ ಕಣ್ಣೂ ಒದ್ದೆಯಾಗಿತ್ತು.

ಮಗಳು ಮಗುವನ್ನು ತಂದು ಅಮ್ಮನ ಮಡಿಲಿಗೆ ಹಾಕಿದಳು. ಅಕ್ಕ ಮೊದಲು ಸ್ವಲ್ಪ ಅಳುಕಿದಳು, ಆಮೇಲೆ ಎದೆಗೊತ್ತಿಕೊಂಡಳು. ಒಂದು ರಾತ್ರಿ ಕೂಸನ್ನು ಅಳಲು ಬಿಟ್ಟೆನಲ್ಲ ಅಂತ ಅವಳಿಗೆ ಸಂಕಟವಾಯಿತು. ಕೂಸಿಗೆ ಅದರ ಗೊಡವೆ ಎಲ್ಲಿ? ಅಜ್ಜಿಯ ಸೆರಗು ಹಿಡಿದು ಜಗ್ಗುತ್ತಿತ್ತು.

ಅಕ್ಕ ಒಂದು ದಿನವೂ ತಪ್ಪಿಸದೆ ಮಾತ್ರೆ ಮುಗಿಸಿದಳು. ಮನೆಯಲ್ಲಿ ಬೇರೆ ಯಾರಿಗೂ ಏನೂ ಇರಲಿಲ್ಲ. ಅವಳು ಈಗಲೂ ಅದೇ ಅಂಗಡಿಯಲ್ಲಿ ಇಸ್ತ್ರಿ ಹಾಕುತ್ತಾಳೆ, ಗಿರಾಕಿಗಳ ಜೊತೆ ಅಷ್ಟೇ ಮಾತಾಡುತ್ತಾಳೆ.

ಅಣ್ಣಂದಿರೇ, ಅಕ್ಕಂದಿರೇ, ನೋವಾದರೆ ನಾವೆಲ್ಲ ಆಸ್ಪತ್ರೆಗೆ ಓಡುತ್ತೇವೆ. ಈ ಕಾಯಿಲೆ ನೋವು ಕೊಡದೆ ಬರುತ್ತದೆ, ಅದಕ್ಕೇ ನಾವು ಮೋಸಹೋಗುತ್ತೇವೆ. ಮೈಮೇಲೆ ಬಣ್ಣಗೆಟ್ಟ ಮಚ್ಚೆ ಇದ್ದು, ಅಲ್ಲಿ ಮುಟ್ಟಿದ್ದು ಗೊತ್ತಾಗದಿದ್ದರೆ, ಬೆರಳು ಬೆಂದರೂ ಕೊಯ್ದರೂ ಉರಿಯದಿದ್ದರೆ, ನಾಚಿಕೆ ಪಡಬೇಡಿ, ಮುಚ್ಚಿಡಬೇಡಿ. ಸರ್ಕಾರಿ ಆಸ್ಪತ್ರೆಯಲ್ಲಿ ಪರೀಕ್ಷೆಗೂ ಮಾತ್ರೆಗೂ ದುಡ್ಡು ಕೇಳುವುದಿಲ್ಲ. ಕಾಯಿಲೆಯವರು ಮನೆಯಲ್ಲಿದ್ದರೆ ಅವರನ್ನು ಮೂಲೆಗೆ ಸರಿಸಬೇಡಿ, ಪಕ್ಕದಲ್ಲಿ ಕೂರಿಸಿಕೊಂಡು ಉಣ್ಣಿ. ಇವತ್ತು ಸ್ನಾನ ಮಾಡುವಾಗ ಒಂದು ಸಲ ಮೈ ನೋಡಿಕೊಳ್ಳಿ. ಬೆನ್ನು ನಿಮಗೆ ಕಾಣುವುದಿಲ್ಲ, ಅದನ್ನು ಮನೆಯವರಿಗೆ ತೋರಿಸಿ.