ಮುಟ್ಟದೆ ಬಿಟ್ಟ ಚೆಂಡು

ದೇಶದ ಹೆಸರಿದ್ದ ಅಂಗಿ ಅವಳ ಪಾಲಿಗೆ ಬಂದದ್ದು ಆಟದ ಒಂದೇ ಒಂದು ಋತು. ಆ ಋತುವಿನಲ್ಲಿಯೂ ಆ ಅಂಗಿ ಅವಳ ಮೈಮೇಲೆ ಇದ್ದದ್ದಕ್ಕಿಂತ ಇನ್ನೊಬ್ಬಳ ಮೈಮೇಲೆ ಇದ್ದದ್ದೇ ಹೆಚ್ಚು.

ಆಸ್ಪತ್ರೆಯ ಟೆಲಿಫೋನ್ ಕೋಣೆಯಲ್ಲಿ ಕರೆಗಳು ತಗ್ಗುವ ಮಧ್ಯಾಹ್ನದ ಹೊತ್ತಿನಲ್ಲಿ ಅವಳಿಗೆ ಈಗಲೂ ಆ ವರ್ಷ ನೆನಪಾಗುತ್ತದೆ. ಮೊದಲು ಕಣ್ಣಿಗೆ ಬರುವುದು ಮೈದಾನವಲ್ಲ, ಬೆಂಚು. ಬಣ್ಣ ಎದ್ದುಹೋದ ಮರದ ಬೆಂಚು. ಅದರ ಒಂದು ಕಾಲು ಗಿಡ್ಡವಾಗಿತ್ತು, ತುದಿಯಲ್ಲಿ ಕೂತವರು ಕಾಲು ಊರಿಕೊಂಡೇ ಇರಬೇಕಿತ್ತು. ಆ ತುದಿ ಅವಳದ್ದು. ಅವಳು ಹೆಂಗಸರ ರಾಷ್ಟ್ರೀಯ ಫುಟ್‌ಬಾಲ್ ತಂಡದ ಎರಡನೆಯ ಗೋಲ್‌ಕೀಪರ್ ಆಗಿದ್ದಳು.

ಉಳಿದ ಬದಲಿ ಆಟಗಾರ್ತಿಯರಿಗೆ ಇಂದಲ್ಲ ನಾಳೆ ಸರದಿ ಬರುತ್ತದೆ. ಓಡಿ ಓಡಿ ಯಾರಾದರೂ ಸುಸ್ತಾಗುತ್ತಾರೆ. ಗೋಲ್‌ಕೀಪರ್ ಅಷ್ಟೆಲ್ಲ ಓಡುವುದಿಲ್ಲ, ಸುಸ್ತಾಗುವುದಿಲ್ಲ. ಮೊದಲನೆಯವಳಿಗೆ ಏನಾದರೂ ಆದರೆ ಮಾತ್ರ ಎರಡನೆಯವಳಿಗೆ ಜಾಗ. ಹೀಗಾಗಿ ಎರಡನೆಯವಳು ಮನಸ್ಸಿನಲ್ಲಿ ಏನು ಬೇಡಿಕೊಂಡರೂ ಅದರಲ್ಲಿ ಒಂದಿಷ್ಟು ಪಾಪ ಬೆರೆತೇ ಇರುತ್ತದೆ. ಅವಳು ಏನನ್ನೂ ಬೇಡಿಕೊಳ್ಳದಿರಲು ಕಲಿತಿದ್ದಳು. ಕಲಿತಿದ್ದೇನೆ ಎಂದು ಅಂದುಕೊಂಡಿದ್ದಳು.

ತಂಡದಲ್ಲಿ ಅವಳನ್ನು ‘ಸ್ಟೆಪ್ನಿ’ ಎಂದು ಕರೆಯುತ್ತಿದ್ದರು. ಹೆಸರಿಟ್ಟವನು ತಂಡದ ಬಸ್ಸಿನ ಡ್ರೈವರ್. ಬಸ್ಸಿನ ಬದಲಿ ಚಕ್ರ ಹಿಂದಿನ ಸೀಟಿನ ಕೆಳಗಿತ್ತು, ಅವಳು ಕೂರುತ್ತಿದ್ದದ್ದು ಅದೇ ಸೀಟಿನ ಮೇಲೆ. “ಕೆಳಗೊಂದು ಸ್ಟೆಪ್ನಿ, ಮೇಲೊಂದು ಸ್ಟೆಪ್ನಿ. ಇನ್ನು ನನಗ್ಯಾವ ಚಿಂತೆ!” ಎಂದು ಅವನು ಕನ್ನಡಿಯಲ್ಲಿ ನೋಡಿ ನಕ್ಕಿದ್ದ. ಆಮೇಲೆ ಆ ಹೆಸರು ಅಂಟಿದ್ದು ಅಂಟಿಯೇ ಹೋಯಿತು.

ಮೊದಲನೆಯ ಗೋಲ್‌ಕೀಪರ್‌ಗೆ ಎಲ್ಲರೂ ‘ಅಕ್ಕ’ ಎನ್ನುತ್ತಿದ್ದರು. ತಂಡದಲ್ಲಿ ಎಲ್ಲರಿಗಿಂತ ಹಿರಿಯಳು, ಶಾಲೆಯಲ್ಲಿ ಲೆಕ್ಕ ಹೇಳಿಕೊಡುವ ಟೀಚರ್. ಮಾತು ಬಹಳ ಕಡಿಮೆ. ಗೋಲ್ ಹೋದಾಗಲೂ ಯಾರನ್ನೂ ಬಯ್ಯದೆ ಬಲೆಯಿಂದ ಚೆಂಡು ತೆಗೆದು, ಅದರ ಮಣ್ಣು ಒರೆಸಿ, ಮುಂದಕ್ಕೆ ಎಸೆಯುತ್ತಿದ್ದಳು. ಆ ವರ್ಷ ಅದನ್ನು ಬಹಳ ಸಲ ಮಾಡಬೇಕಾಯಿತು.

ಸೋಲು ಇವರೊಬ್ಬರದ್ದೇ ಆಗಿರಲಿಲ್ಲ. ಗಂಡಸರ ತಂಡ ವಿಮಾನದಲ್ಲಿ ಹೋಗಿ ಸೋತು ಬರುತ್ತಿತ್ತು, ಇವರು ಬಸ್ಸಿನಲ್ಲಿ ಹೋಗಿ ಸೋತು ಬರುತ್ತಿದ್ದರು. ಅವರು ಸೋತರೆ ಪೇಪರಿನ ಮುಖಪುಟದಲ್ಲಿ ಗೋಳು, ಇವರು ಸೋತರೆ ಪೇಪರಿನಲ್ಲಿ ಜಾಗವೇ ಇಲ್ಲ. “ಒಳ್ಳೇದಾಯ್ತು ಬಿಡಿ, ಮನೇಲಿ ಗೆದ್ವಿ ಅಂತ ಹೇಳಬಹುದು” ಎನ್ನುತ್ತಿದ್ದಳು ರೇಡಿಯೋ. ಅವಳು ಹಿಂದಿನ ಸಾಲಿನಲ್ಲಿ ಆಡುವ ಹುಡುಗಿ. ನಿದ್ದೆಯಲ್ಲೂ ಬಾಯಿ ಮುಚ್ಚುವುದಿಲ್ಲವೆಂದು ಅವಳಿಗೆ ಆ ಹೆಸರು.

ಗಂಡಸರಿಗೆ ಆ ವರ್ಷ ಹೊಸ ಅಂಗಿಗಳು ಬಂದಿದ್ದವು, ಹಳೆಯವು ಇವರಿಗೆ ಬಂದವು. ಗಂಡಸರ ಮೊದಲ ಗೋಲ್‌ಕೀಪರ್‌ನ ಎರಡು ಅಂಗಿಗಳೇ ಇವರಿಬ್ಬರ ಪಾಲಿಗೆ ಬಂದದ್ದರಿಂದ ಎರಡರ ಬೆನ್ನ ಮೇಲೂ ಒಂದು ಎಂಬ ಅಂಕಿಯೇ ಇತ್ತು. ಒಂದೇ ತಂಡದಲ್ಲಿ ಇಬ್ಬರು ಒಂದನೆಯವರು ಇರುವಂತಿಲ್ಲ. ತರಬೇತಿ ಕೊಡುವ ಮೇಷ್ಟ್ರು ಔಷಧದ ಡಬ್ಬಿಯಿಂದ ಬಿಳಿ ಪ್ಲಾಸ್ಟರ್ ತೆಗೆದು, ಅವಳ ಅಂಗಿಯ ಒಂದರ ಪಕ್ಕದಲ್ಲಿ ಎರಡನ್ನು ಅಂಟಿಸಿದರು. ಪಂದ್ಯದ ಮೊದಲು ಅವಳು ಹನ್ನೆರಡಾಗುತ್ತಿದ್ದಳು. ವಿರಾಮದ ಹೊತ್ತಿಗೆ ಅಕ್ಕನ ಅಂಗಿ ಕೆಸರಲ್ಲಿ ನೆಂದು ಭಾರವಾಗಿರುತ್ತಿತ್ತು. ಆಗ ಇವಳ ಅಂಗಿಯ ಪ್ಲಾಸ್ಟರ್ ಕಿತ್ತು ಅಕ್ಕನಿಗೆ ಕೊಡುತ್ತಿದ್ದರು. ಅಕ್ಕ ಒಣ ಅಂಗಿಯಲ್ಲಿ ಮತ್ತೆ ಮೈದಾನಕ್ಕೆ, ಇವಳು ಮೇಲಂಗಿ ಎಳೆದುಕೊಂಡು ಮತ್ತೆ ಬೆಂಚಿಗೆ. ಬೇರೆ ಬೇರೆ ದೇಶಗಳಲ್ಲಿ ಅವಳ ಅಂಗಿ ಆಡಿತು, ಬಿತ್ತು, ಎದ್ದಿತು, ಚೆಂಡನ್ನು ಎದೆಗವಚಿಕೊಂಡಿತು. ಅವಳು ಮಾತ್ರ ಆಡಿರಲಿಲ್ಲ.

ಕೆಲಸದಲ್ಲಿಯೂ ಅವಳ ಪಾಡು ಹೀಗೇ ಇತ್ತು. ಯಾರದೋ ದನಿಯನ್ನು ಯಾರದೋ ಕಿವಿಗೆ ಜೋಡಿಸಿ, ಜೋಡಿಸಿದ ಮೇಲೆ ತಾನು ಪಕ್ಕಕ್ಕೆ ಸರಿಯಬೇಕು. ಋತುವಿನ ಕೊನೆಯ ಪಂದ್ಯಕ್ಕೆ ರಜೆ ಕೇಳಲು ಹೋದಾಗ ಮೇಲ್ವಿಚಾರಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು.

“ಎಷ್ಟು ಪಂದ್ಯ ಆಡಿದೆ ಇಲ್ಲೀವರೆಗೆ?”

“ಆಡಿಲ್ಲ ಮೇಡಂ. ಕೂತಿದೀನಿ.”

“ಕೂರೋದಕ್ಕೆ ರಜೆ ಯಾಕಮ್ಮಾ? ಇಲ್ಲೂ ಕುರ್ಚಿ ಇದೆಯಲ್ಲ.” ಆಮೇಲೆ ಅವಳ ಮುಖ ನೋಡಿ ದನಿ ತಗ್ಗಿಸಿದಳು. “ಇದೊಂದು ಸಲ ಹೋಗಿ ಬಾ. ಮುಂದಿನ ವರ್ಷ ಮಾತ್ರ ರಜೆ ಅಂತ ಈ ಬಾಗಿಲಿಗೆ ಬರಬೇಡ.”

ಹೀಗೆ, ಉಳಿದದ್ದು ಒಂದೇ ಪಂದ್ಯ. ಗೆಲ್ಲಬೇಕು, ಪೇಪರಿನಲ್ಲಿ ಬರಬೇಕು ಎಂಬ ಆಸೆ ಅವಳಿಗೆ ಇರಲಿಲ್ಲ. ಆಟ ನಡೆಯುತ್ತಿರುವಾಗ, ದೇಶದ ಅಂಗಿಯಲ್ಲಿ, ಒಂದೇ ಒಂದು ಸಲ ಚೆಂಡು ಕೈಗೆ ಸಿಗಬೇಕಿತ್ತು.

ಆ ಪಂದ್ಯ ತಮ್ಮದೇ ಊರಿನಲ್ಲಿ, ನೆರೆಯ ದೇಶದ ತಂಡದ ಜೊತೆ. ಜಿಟಿಜಿಟಿ ಮಳೆ. ನೋಡಲು ಬಂದವರು ಆಟಗಾರ್ತಿಯರ ಮನೆಯವರೇ, ಅವರ ನಡುವೆ ಅವಳ ಅಣ್ಣನೂ ಇದ್ದ. ಬೇಕರಿಯಲ್ಲಿ ಕೆಲಸ, ಮುಂಜಾನೆಯ ಬ್ರೆಡ್ಡು ಮುಗಿಸಿ ನೇರ ಬಂದಿದ್ದ. ಅವಳಿಗೆ ಚೆಂಡು ಹಿಡಿಯುವುದನ್ನು ಕಲಿಸಿದವನು ಅವನೇ. ಬೇಕರಿ ಹಿಂದಿನ ಗಲ್ಲಿಯಲ್ಲಿ, ಮುಚ್ಚಿದ ಷಟರನ್ನೇ ಗೋಲ್ ಮಾಡಿ, ಅವನು ಒದೆಯುವುದು, ಇವಳು ಹಿಡಿಯುವುದು. ಬಿಟ್ಟರೆ ಷಟರು ಧಡಾರ್ ಎಂದು ಬೀದಿಗೆಲ್ಲ ಸಾರುತ್ತಿತ್ತು. “ನಿನ್ನ ಕಡೆ ಬಂದದ್ದೆಲ್ಲ ನಿಂದು. ಕಣ್ಣು ಮುಚ್ಚಿ ಹಿಡಿ” ಎಂದು ಹೇಳಿಕೊಟ್ಟಿದ್ದ. ಆಟದ ನಿಯಮ ಆಗ ಹಾಗೇ ಇತ್ತು. ತನ್ನ ತಂಡದವರು ಕಾಲಿನಿಂದ ಹಿಂದಕ್ಕೆ ಕೊಟ್ಟ ಚೆಂಡನ್ನೂ ಗೋಲ್‌ಕೀಪರ್ ಕೈಯಲ್ಲಿ ಹಿಡಿಯಬಹುದಿತ್ತು. ಅದನ್ನು ಬದಲಾಯಿಸಿ ಈ ಪಂದ್ಯದ ಹೊತ್ತಿಗೆ ಕೆಲವೇ ವರ್ಷವಾಗಿತ್ತು. ಅಂಥ ಚೆಂಡನ್ನು ಕೈಯಲ್ಲಿ ಮುಟ್ಟಬಾರದೆಂಬ ಹೊಸ ನಿಯಮ ಅವಳಿಗೆ ಬಾಯಿಪಾಠವಾಗಿತ್ತು. ಕೈಗಳಿಗೆ ಇನ್ನೂ ತಿಳಿದಿರಲಿಲ್ಲ.

ವಿರಾಮದ ನಂತರ, ಹೇಗೆಂದು ಯಾರಿಗೂ ಸರಿಯಾಗಿ ತಿಳಿಯದಂತೆ, ಇವರ ತಂಡ ಒಂದು ಗೋಲ್ ಹೊಡೆಯಿತು. ಬೆಂಚಿನಲ್ಲಿದ್ದವರು ಕೇಕೆ ಹಾಕುವುದನ್ನೂ ಮರೆತು ಒಬ್ಬರ ಮುಖ ಒಬ್ಬರು ನೋಡಿದರು. ಮುನ್ನಡೆ ಎಂದರೆ ಹೇಗಿರುತ್ತದೆ ಎಂಬುದೇ ಮರೆತುಹೋಗಿತ್ತು. ಆ ವರ್ಷ ಗಂಡಸರದ್ದಾಗಲಿ ಹೆಂಗಸರದ್ದಾಗಲಿ, ದೇಶದ ಯಾವ ತಂಡವೂ ಗೆದ್ದಿರಲಿಲ್ಲ. ಮೇಷ್ಟ್ರು ಗಡಿಯಾರ ನೋಡುವುದು, ಆಕಾಶ ನೋಡುವುದು, ಮತ್ತೆ ಗಡಿಯಾರ ನೋಡುವುದು.

ಪಂದ್ಯ ಮುಗಿಯಲು ಸ್ವಲ್ಪವೇ ಇದ್ದಾಗ ಅಕ್ಕ ಎದುರಾಳಿಯ ಕಾಲಿಗೆ ಅಡ್ಡಬಿದ್ದು ಚೆಂಡು ತಡೆದಳು. ತಡೆದವಳು ಬೇಗ ಏಳಲಿಲ್ಲ. ಎದ್ದಾಗ ಬಲಗೈಯ ಕಿರುಬೆರಳು ಇರಬೇಕಾದ ಕಡೆ ಇರದೆ ಪಕ್ಕಕ್ಕೆ ತಿರುಚಿಕೊಂಡಿತ್ತು.

ಬೆಂಚಿನ ತುದಿಯಲ್ಲಿ ಅವಳ ಎದೆ ಹಾರಿತು. ಆ ಹಾರಾಟದಲ್ಲಿ ನೋವೆಷ್ಟು, ಆಸೆಯೆಷ್ಟು ಎಂದು ಬೇರ್ಪಡಿಸಿ ನೋಡುವ ಧೈರ್ಯ ಅವಳಿಗೆ ಆಗ ಬರಲಿಲ್ಲ, ಆಮೇಲೂ ಬಂದಿಲ್ಲ.

“ಸ್ಟೆಪ್ನಿ, ಏಳು! ಅಂಗಿ ಎಲ್ಲೇ?” ಮೇಷ್ಟ್ರು ಕೂಗಿದರು.

ಅಂಗಿ ಅಕ್ಕನ ಮೈಮೇಲಿತ್ತು. ಉಳಿದದ್ದು ಅಕ್ಕ ಮೊದಲರ್ಧದಲ್ಲಿ ಬಿಚ್ಚಿಟ್ಟ, ಚೀಲದ ತಳದಲ್ಲಿ ಮುದ್ದೆಯಾಗಿದ್ದ ಕೆಸರಿನ ಅಂಗಿ. ಮೇಷ್ಟ್ರು ಪ್ಲಾಸ್ಟರ್ ಅಂಟಿಸಲು ನೋಡಿದರು, ಒದ್ದೆ ಬಟ್ಟೆಗೆ ಅದು ಅಂಟಲಿಲ್ಲ. ಗೆರೆಯ ಪಕ್ಕ ನಿಂತಿದ್ದ ಅಧಿಕಾರಿ, ಒಂದನೆಯವಳು ಹೊರಗೆ ಬರುತ್ತಿದ್ದಾಳಲ್ಲ, ಒಳಗೆ ಹೋಗುವವಳೂ ಒಂದನೆಯವಳೇ ಆಗಲಿ ಬಿಡಿ ಎಂದು ಕೈಯಾಡಿಸಿದ. ಅಷ್ಟರಲ್ಲಿ ಅಕ್ಕ ಬಂದಳು. ಒಂದು ಕೈಯನ್ನು ಎದೆಗೊತ್ತಿಕೊಂಡು, ಇನ್ನೊಂದು ಕೈಯಿಂದ ಆ ಅಂಗಿ ಎತ್ತಿಕೊಂಡಳು.

“ಕೈ ಮೇಲೆತ್ತು” ಎಂದಳು.

ಸ್ಕೂಲಿಗೆ ಹೊರಡುವ ಮಗುವಿನಂತೆ ಅವಳು ಕೈ ಎತ್ತಿದಳು. ತಣ್ಣನೆಯ ಅಂಗಿ ಬೆನ್ನಿಗೆ ಅಂಟಿಕೊಳ್ಳುತ್ತ ಇಳಿಯಿತು. ಅಕ್ಕ ಅದರ ಅಂಚನ್ನು ಎಳೆದು ಸರಿಮಾಡಿ, ಬೆಂಚಿನ ತುದಿಯಲ್ಲಿ ಹೋಗಿ ಕೂತಳು.

ಗೋಲ್ ಕಂಬಗಳ ನಡುವೆ ನಿಂತಾಗ ಅವಳಿಗೆ ಕಂಡದ್ದು ತನ್ನವರೆಲ್ಲರ ಬೆನ್ನು. ಚೆಂಡು ದೂರದಲ್ಲಿತ್ತು. ಹೊಸಬಳೆಂದು ತಿಳಿದು ಎದುರಾಳಿಗಳು ದೂರದಿಂದಲೇ ಒದೆಯಲು ನೋಡಿದರು. ಆದರೆ ಅವಳಿಗೆ ಏನೂ ಆಗಬಾರದೆಂದು ತನ್ನವರು ಮೈಯೊಡ್ಡಿ ನಿಂತಿದ್ದರು. ಒಬ್ಬಳ ಬೆನ್ನಿಗೆ ಬಡಿಯಿತು, ಒಬ್ಬಳ ಮೊಣಕಾಲಿಗೆ ಬಡಿಯಿತು. ಯಾವುದೂ ಅವಳವರೆಗೆ ಬರಲಿಲ್ಲ.

“ಒಂದಾದ್ರೂ ಬಿಡ್ರೇ!” ಎಂದು ಅವಳೇ ಕೂಗಿದ್ದು ಅವಳಿಗೇ ಕೇಳಿಸಿತು.

ರೇಡಿಯೋಗೂ ಕೇಳಿಸಿತು. ಕಾಲಿಗೆ ಸಿಕ್ಕಿದ ಚೆಂಡನ್ನು ಹೊರಗಟ್ಟಬೇಕಾದವಳು ತಿರುಗಿ ನೋಡಿದಳು. ಆ ಕೆಸರಿನ ಮುಖದಲ್ಲಿ ನಗು ಇತ್ತು. “ತಗೊಳ್ಳೇ, ನಿನ್ನ ಪಾಲು!” ಎಂದು ಮೆಲ್ಲಗೆ, ಬಹಳ ಪ್ರೀತಿಯಿಂದ, ಚೆಂಡನ್ನು ಹಿಂದಕ್ಕೆ ಉರುಳಿಸಿದಳು.

ಉರುಳುತ್ತ ಬಂದ ಚೆಂಡನ್ನು ಅವಳು ಬಾಗಿ ಎರಡೂ ಕೈಯಲ್ಲಿ ಎತ್ತಿ ಎದೆಗವಚಿಕೊಂಡಳು. ಎಷ್ಟು ಸಲೀಸಾಗಿ ಬಂದು ಕೂತಿತು!

ಸೀಟಿ ಕೇಳಿದ ಮೇಲೆಯೇ ತಾನು ಮಾಡಿದ್ದೇನೆಂದು ತಿಳಿದದ್ದು.

“ಅಯ್ಯೋ, ಕಾಲಲ್ಲಿ ಒದಿ ಅಂತ ಕೊಟ್ರೆ ಮಗು ಎತ್ಕೊಂಡ ಹಾಗೆ ಎತ್ಕೊಂಡ್ಯಲ್ಲೇ!” ರೇಡಿಯೋ ತಲೆಯ ಮೇಲೆ ಕೈಹೊತ್ತಳು.

ಚೆಂಡು ಹಿಡಿದ ಜಾಗದಲ್ಲೇ, ಗೋಲಿನ ಮುಂದೆಯೇ, ಎದುರಾಳಿಗಳಿಗೆ ಒಂದು ಒದೆತ ಸಿಕ್ಕಿತು. ಈ ಬಗೆಯ ಒದೆತಕ್ಕೆ ಒಂದು ಕಟ್ಟಳೆ ಇದೆ. ಒದ್ದವಳ ಚೆಂಡು ನೇರ ಬಲೆಗೆ ಹೋದರೆ ಅದು ಗೋಲ್ ಅಲ್ಲ. ನಡುವೆ ಇನ್ನೊಬ್ಬರಿಗೆ ತಾಗಲೇಬೇಕು, ಆ ಇನ್ನೊಬ್ಬರು ಯಾವ ತಂಡದವರಾದರೂ ಸರಿ. ಅಲ್ಲಿಯವರೆಗೆ ರೆಫರಿ ಒಂದು ಕೈಯನ್ನು ಮೇಲಕ್ಕೆತ್ತಿಯೇ ನಿಂತಿರುತ್ತಾಳೆ.

ಇವರ ಕಡೆಯವರೆಲ್ಲ ಗೋಲ್ ಗೆರೆಯ ಮೇಲೆ ಸಾಲಾಗಿ ನಿಂತರು. ಅವಳು ನಡುವೆ. ಎದುರಿಗೆ ಇಬ್ಬರು ಬಂದರು. ಒಬ್ಬಳು ಚೆಂಡನ್ನು ಕಾಲಿನಿಂದ ಮುಟ್ಟಿ ಸರಿಸುವವಳು, ಇನ್ನೊಬ್ಬಳು ಒದೆಯುವವಳು. ಮುಟ್ಟುವವಳು ಓಡಿ ಬಂದಳು. ಅವಸರದಲ್ಲಿ ಅವಳ ಪಾದ ಚೆಂಡಿನ ಮೇಲಿಂದ ಹಾದುಹೋಯಿತು. ಚೆಂಡು ಇದ್ದಲ್ಲೇ ಇತ್ತು, ಅದರ ಮೇಲಿನ ಹುಲ್ಲೆಸಳೂ ಅಲುಗಲಿಲ್ಲ. ಮೈದಾನದಲ್ಲಿ ಅದನ್ನು ಎಷ್ಟು ಜನ ಕಂಡರೋ ಗೊತ್ತಿಲ್ಲ. ಇಡೀ ಋತು ಪಕ್ಕದಲ್ಲಿ ಕೂತು ಬೇರೆಯವರ ಕಾಲುಗಳನ್ನೇ ನೋಡುತ್ತ ಕಳೆದವಳು ಕಂಡಳು.

ಹಿಂದೆಯೇ ಬಂದವಳು ಬಲವಾಗಿ ಒದ್ದಳು. ಚೆಂಡು ತಲೆಗಳ ಮೇಲಿಂದ, ಸರಿಯಾಗಿ ಅವಳ ಕಡೆಗೇ, ಕೈ ಚಾಚಿದರೆ ಸಿಗುವಷ್ಟು ಎತ್ತರದಲ್ಲಿ ಬಂತು. ಕೈಗಳು ತಾವಾಗಿಯೇ ಮೇಲೆದ್ದವು. ಗಲ್ಲಿಯಲ್ಲಿ ಕಲಿತ ಕೈಗಳು, ವರ್ಷವಿಡೀ ಹಸಿದ ಕೈಗಳು. ಇದು ಹಿಡಿಯಬಹುದಾದ ಚೆಂಡು, ಇನ್ನೊಂದು ಬರುವುದಿಲ್ಲ. ಆದರೆ ಬೆರಳ ತುದಿ ತಾಗಿ ಜಾರಿ ಒಳಗೆ ಹೋದರೆ ಅದು ಗೋಲ್. ತಾಗದೆ ಹೋದರೆ ಏನೂ ಅಲ್ಲ. ರೆಫರಿಯ ಕೈ ಇನ್ನೂ ಮೇಲೆಯೇ ಇತ್ತು.

ಅವಳು ಕೈಗಳನ್ನು ಹಿಂದಕ್ಕೆ ಎಳೆದುಕೊಂಡಳು.

ಚೆಂಡು ನೆತ್ತಿಯ ಮೇಲೆ ಗಾಳಿ ಬೀಸುತ್ತ ಹೋಗಿ ಬಲೆಗೆ ಬಿತ್ತು. ಎದುರಾಳಿಗಳು ಒಬ್ಬರ ಮೇಲೊಬ್ಬರು ಬಿದ್ದು ಕುಣಿದರು. ಮೇಷ್ಟ್ರು ಔಷಧದ ಡಬ್ಬಿಯ ಮೇಲೆ ಕುಸಿದು ಕೂತರು. ಇತ್ತ ಅಣ್ಣನ ದನಿ ಮೈದಾನಕ್ಕೆಲ್ಲ ಕೇಳಿಸಿತು: “ಕೈ ಎಲ್ಲಿಟ್ಟಿದ್ಯೇ, ಮಂಕೇ!”

ಅವಳು ಯಾರನ್ನೂ ನೋಡಲಿಲ್ಲ. ರೆಫರಿಯ ಮೇಲೆದ್ದಿದ್ದ ಆ ಒಂದು ಕೈಯನ್ನೇ ನೋಡುತ್ತಿದ್ದಳು. ಅದು ನಿಧಾನವಾಗಿ ಇಳಿದು, ಗೋಲ್ ಅಲ್ಲ, ಚೆಂಡು ಇಲ್ಲಿಂದಲೇ ಹೊರಡಲಿ ಎಂದು ಅವಳ ಕಡೆಗೆ ತೋರಿಸಿತು.

ಕುಣಿಯುತ್ತಿದ್ದವರು ನಿಂತರು. ವಾದವಾಯಿತು, ಕೂಗಾಟವಾಯಿತು. ಅದೆಲ್ಲ ತಣ್ಣಗಾಗುವವರೆಗೆ ಅವಳು ಬಲೆಯೊಳಗೆ ಹೋಗಿ ಚೆಂಡನ್ನು ಎತ್ತಿಕೊಂಡು ನಿಂತಿದ್ದಳು. ಆಮೇಲೆ ಅದನ್ನು ಗೋಲಿನ ಮುಂದಿನ ಚೌಕದ ಗೆರೆಯ ಮೇಲಿಟ್ಟು, ಕೈಲಾದಷ್ಟು ದೂರ ಒದ್ದಳು. ಅದು ನೆಲಕ್ಕೆ ಬೀಳುವ ಮೊದಲೇ ಪಂದ್ಯ ಮುಗಿದ ಸೀಟಿ ಕೇಳಿಸಿತು.

ಗೇಟಿನ ಹತ್ತಿರ ಅಣ್ಣ ಅಳುತ್ತಲೂ ನಗುತ್ತಲೂ ನಿಂತಿದ್ದ. “ಹಿಡೀಬಾರದ್ದನ್ನ ಹಿಡಿದೆ, ಹಿಡೀಬೇಕಾದ್ದನ್ನ ಬಿಟ್ಟೆ. ಆದ್ರೂ ಗೆದ್ದೆ! ಇದನ್ನ ನಾನು ಕಲಿಸಿರಲಿಲ್ಲಪ್ಪಾ” ಎಂದ. ಅವನಿಗೆ ಕಟ್ಟಳೆಯನ್ನು ವಿವರಿಸಿ ಹೇಳಲು ಅವಳಿಗೆ ಮನೆಯಲ್ಲಿ ಆ ರಾತ್ರಿಯೆಲ್ಲ ಬೇಕಾಯಿತು. ಮರುದಿನ ಪೇಪರಿನಲ್ಲಿ ಎರಡು ಸಾಲು ಬಂತು, ಅದರಲ್ಲಿ ಅಕ್ಕನ ಬೆರಳಿನ ಸುದ್ದಿ ಇತ್ತು. ಬದಲಿಯಾಗಿ ಬಂದವಳು ಯಾರೆಂದು ಇರಲಿಲ್ಲ.

ಪಂದ್ಯದ ಸಂಜೆ ಮೈದಾನದಿಂದ ಹೊರಟ ಬಸ್ಸಿನಲ್ಲಿ ಎಲ್ಲರೂ ಹಾಡುತ್ತಿದ್ದರು. ಅಕ್ಕ ಮುಂದಿನ ಸಾಲಿನ ತನ್ನ ಸೀಟು ಬಿಟ್ಟು, ಬ್ಯಾಂಡೇಜು ಸುತ್ತಿದ ಕೈಯನ್ನು ಮಡಿಲಲ್ಲಿಟ್ಟುಕೊಂಡು ಹಿಂದೆ ಬಂದು ಕೂತಳು. ಕಿಟಕಿಯಾಚೆ ಬೀದಿಗಳು ಹಾದುಹೋದವು, ಅಂಗಡಿಗಳ ದೀಪಗಳು ಒಂದೊಂದಾಗಿ ಹೊತ್ತಿಕೊಳ್ಳುತ್ತಿದ್ದವು.

“ಕೈ ಹೇಗೆ ಹಿಂದಕ್ಕೆ ತಗೊಂಡ್ಯೇ?” ಎಂದು ಅಕ್ಕ ಕೇಳಿದಳು. “ನನ್ನಿಂದ ಆಗ್ತಿರಲಿಲ್ಲ.”